ರಸೂಲ್ ಸಾಬರು ಕಾಲೇಜಿಗೆ ಟ್ರಯಲ್ ನೋಡಿದ್ದು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಸಾಲಿನಲ್ಲಿ ಲಾರಿ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದ ರಸೂಲ್ ಸಾಬರಿಗೆ ಈ ಪ್ರಪಂಚದಲ್ಲಿ ನಂಬಿಕೆಯಿಲ್ಲದ ವಸ್ತು ಒಂದೇ: ಹೊಸ ಎಂಜಿನ್.

"ಹಳೇ ಎಂಜಿನ್ ಏನೂ ಬಚ್ಚಿಡಲ್ಲ. ಎಲ್ಲಿ ನೋವೈತೆ ಅಂತ ತಾನೇ ಬಡ್ಕೊಳ್ತೈತೆ. ಹೊಸಾದು ಹೆಣ್ಣು ನೋಡೋಕೆ ಬಂದ ಹುಡುಗನ ಹಂಗೆ, ನಗ್ತಾ ಕೂತಿರ್ತೈತೆ. ಒಳಗೇನೈತೋ ಖುದಾಗೇ ಗೊತ್ತು," ಎನ್ನುವುದು ಅವರ ಸಿದ್ಧಾಂತ. ಇದಕ್ಕೆ ಸಾಕ್ಷಿಯೆಂಬಂತೆ ನನ್ನಿವಾಳದ ಯರ್ರಪ್ಪನ ಹೊಚ್ಚಹೊಸ ಟ್ರ್ಯಾಕ್ಟರು ಸದಾ ಅವರ ಶೆಡ್ಡಿನಲ್ಲೇ ನಿಂತಿರುತ್ತಿತ್ತು. (ಯರ್ರಪ್ಪ ಜನ್ಮದಲ್ಲಿ ಅದರ ಆಯಿಲ್ ಬದಲಿಸಿರಲಿಲ್ಲ ಎನ್ನುವುದು ಸಿದ್ಧಾಂತದ ವ್ಯಾಪ್ತಿಗೆ ಬರುವುದಿಲ್ಲ.)

ಇಂಥವರ ಮಗಳು ಮೆಹನಾಜ್ ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕು ತೆಗೆದುಬಿಟ್ಟಳು. ಅವಳ ರ‍್ಯಾಂಕಿಗೆ ಎರಡು ಕಡೆ ಮೆಡಿಕಲ್ ಸೀಟು ಸಿಗುವಂತಿತ್ತು. ಒಂದು, ಅಜ್ಜಂದಿರ ಕಾಲದ ಕಾಲೇಜು. ಕಲ್ಲಿನ ಕಮಾನು, ಗಡಿಯಾರದ ಗೋಪುರ, ಗೋಪುರದಲ್ಲಿ ಬಾವಲಿ. ಫೀಜು ಕೇಳಿದವರು ಎದೆ ಹಿಡಿದುಕೊಳ್ಳಬೇಕು. ಪಕ್ಕದಲ್ಲೇ ಹೃದಯದ ವಾರ್ಡು ಇದ್ದದ್ದು ದೊಡ್ಡ ಅನುಕೂಲ. ಇನ್ನೊಂದು, ಮೂರು ವರ್ಷದ ಹಿಂದೆ ಹೆದ್ದಾರಿಯ ಪಕ್ಕ ಎದ್ದ ಹೊಸ ಕಾಲೇಜು. ಫೀಜು ಕೈಗೆಟುಕುವಂಥದ್ದು, ಆದರೆ ಗೋಡೆ ಮುಟ್ಟಿದರೆ ಕೈಗೆ ಸುಣ್ಣವೂ ಎಟುಕುತ್ತಿತ್ತು.

"ಹಳೇದೇ," ಎಂದರು ರಸೂಲ್ ಸಾಬರು. "ಶೆಡ್ಡು ಮಾರಿದರಾಯ್ತು. ಮಿಲ್ಲಿನ ನಾಗೇಂದ್ರಪ್ಪೋರು ಯಾವತ್ತಿಂದಲೋ ಕೇಳ್ತಾವ್ರೆ."

ಈ ಮನೆಯ ಮಾತು ಉರ್ದು. ಆದರೆ ಹೆಂಡತಿ ಜೈನಾಬಿಯ ತವರು ಮೊಳಕಾಲ್ಮೂರು. ಸಿಟ್ಟು ಬಂದರೆ ಆಕೆ ಉರ್ದುವಿನಿಂದ ಇಳಿದು ಕನ್ನಡ ಹತ್ತುತ್ತಿದ್ದಳು, ಅದೂ ಸಾಲದಿದ್ದರೆ ತೆಲುಗು. ಕಿಟಕಿಯಿಂದ ಕನ್ನಡ ಕೇಳಿಸಿದರೆ ಪಕ್ಕದ ಮನೆಯ ನಾಗಕ್ಕ ಅಕ್ಕಿ ಆರಿಸುವ ಮೊರ ತಂದು ಜಗಲಿಯ ಮೇಲೆ ಕೂರುವುದು ವಾಡಿಕೆ. ಆವತ್ತೂ ಮೊರ ಬಂತು.

"ಶೆಡ್ಡು ಮಾರಿ ಏನ್ರೀ ಮಾಡ್ತೀರಾ? ಬೀದೀಲಿ ಕೂತು ಸೈಕಲ್ಲಿಗೆ ಗಾಳಿ ಹೊಡೀತೀರಾ? ನಿಮಗೇನ್ರೀ ಪಿಚ್ಚಿ, ತಲೆ ಕೆಟ್ಟೈತಾ?"

"ಹೊಸ ಕಾಲೇಜನ್ನ ನಂಬಿ ಮಗಳನ್ನ ಬಿಡೋದಾ? ನಾಳೆ ಇವಳು ಯಾರದೋ ಹೊಟ್ಟೆ ಕುಯ್ದು, ಒಳಗೇನೈತೆ ಗೊತ್ತಾಗದೆ ಹಂಗೇ ಮುಚ್ಚಿದ್ರೆ?"

"ನೀವು ಯರ್ರಪ್ಪಣ್ಣನ ಟ್ರ್ಯಾಕ್ಟರಿಗೆ ಅದನ್ನೇ ಅಲ್ವೇನ್ರೀ ಮಾಡ್ತಿರೋದು?"

ಜಗಲಿಯಿಂದ ಕೆಮ್ಮು ಕೇಳಿಸಿತು. ನಾಗಕ್ಕ ನಗು ನುಂಗಿದ್ದಳು.

ಕೌನ್ಸೆಲಿಂಗಿಗೆ ಮುಂದಿನ ಸೋಮವಾರವೇ ಹೋಗಬೇಕು. ಆಗ ರಸೂಲ್ ಸಾಬರಿಗೆ ಒಂದು ದಿವ್ಯ ಆಲೋಚನೆ ಹೊಳೆಯಿತು. ಮೆಕ್ಯಾನಿಕ್ಕಾದವನು ಗಾಡಿಯ ವಿಷಯದಲ್ಲಿ ಮಾಲೀಕನ ಮಾತು ಕೇಳುವುದಿಲ್ಲ. ತಾನೇ ಹತ್ತಿ ಟ್ರಯಲ್ ನೋಡುತ್ತಾನೆ. ಕಾಲೇಜಿಗೂ ಟ್ರಯಲ್ ನೋಡಿದರೆ? ಎರಡೂ ಕಡೆಯ ಆಸ್ಪತ್ರೆಗೆ ರೋಗಿಯಾಗಿ ಹೋಗುವುದು, ಇಲ್ಲದ ಬೆನ್ನುನೋವು ಹೇಳುವುದು, ಯಾರು ಹೇಗೆ ನೋಡುತ್ತಾರೆಂದು ಕಂಡುಕೊಳ್ಳುವುದು.

"ಅಬ್ಬಾ, ನಾನೂ ಬರ್ತೀನಿ," ಎಂದಳು ಮೆಹನಾಜ್. ಇಷ್ಟು ಹೊತ್ತಿನ ಯುದ್ಧದಲ್ಲಿ ಯಾರ ಸೀಟಿಗಾಗಿ ಹೊಡೆದಾಟವೋ ಅವಳನ್ನು ಒಂದು ಮಾತೂ ಯಾರೂ ಕೇಳಿರಲಿಲ್ಲ.

ಜೈನಾಬಿಯೂ ಹೊರಟಳು. ಹಳೆಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತ ಮೂವರೂ ಊಟದ ಹೊತ್ತು ದಾಟಿದ ಮೇಲೆ ದೊಡ್ಡ ಡಾಕ್ಟರ ಎದುರು ತಲುಪಿದರು. ಡಾಕ್ಟರ ಸುತ್ತ ವಿದ್ಯಾರ್ಥಿಗಳು ಕೋಟೆಯ ಹಾಗೆ ನಿಂತಿದ್ದರು. ಹಿಂದಿನ ಸಾಲಿನವರು ತುದಿಗಾಲಲ್ಲಿ ನಿಂತರೂ ಕಾಣುತ್ತಿದ್ದದ್ದು ಮುಂದಿನವರ ಬೆನ್ನು ಮಾತ್ರ. ರಸೂಲ್ ಸಾಬರು "ಬೆನ್ನು" ಎನ್ನುವಷ್ಟರಲ್ಲಿ ಡಾಕ್ಟರು ತಲೆ ಎತ್ತದೆ ಮಾತ್ರೆ ಬರೆದು "ನೆಕ್ಸ್ಟ್" ಎಂದರು.

ಹೊರಗೆ ಬಂದ ರಸೂಲ್ ಸಾಬರ ಮುಖದಲ್ಲಿ ಬೆಳಕಿತ್ತು. "ನೋಡಿದ್ಯಾ? ಮುಖಾನೂ ನೋಡ್ಲಿಲ್ಲ! ಸದ್ದು ಕೇಳೇ ಹೇಳಿಬಿಟ್ರು. ಇದಕ್ಕಂತಾರೆ ಅನುಭವ!"

"ನಿಮಗೆ ಇಲ್ಲದ ನೋವಿಗೆ ಮಾತ್ರೆ ಬರೆದವ್ರೆ. ಭಾರೀ ಅನುಭವ," ಎಂದಳು ಜೈನಾಬಿ.

ಮರುದಿನ ಹೊಸ ಆಸ್ಪತ್ರೆ. ಬಾಗಿಲಿಗೆ ಪೇಂಟಿನ ವಾಸನೆ, ಫ್ಯಾನು ಇರಬೇಕಾದ ಕಡೆ ಬರೀ ವೈರು. ರೋಗಿಗಳು ಕಡಿಮೆ, ಕೋಟು ಹಾಕಿದವರು ಜಾಸ್ತಿ. ರಸೂಲ್ ಸಾಬರು ಒಳಗೆ ಕಾಲಿಟ್ಟದ್ದೇ ತಡ, ಆರೇಳು ಜನ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿನಲ್ಲಿ ಆಟೋದವರು ಮುತ್ತಿದ ಹಾಗೆ ಮುತ್ತಿ, ಮಂಚದ ಮೇಲೆ ಮಲಗಿಸಿದರು. ಒಬ್ಬ ನಾಡಿ ನೋಡಿದ, ಒಬ್ಬ ಕಣ್ಣರೆಪ್ಪೆ ಎಳೆದ, ಇನ್ನೊಬ್ಬ ಮಂಡಿಗೆ ಸಣ್ಣ ಸುತ್ತಿಗೆಯಿಂದ ಹೊಡೆದ. (ಟಯರ್ ಚೆಕ್ ಮಾಡುವಾಗ ತಾವೂ ಹೀಗೇ ಹೊಡೆಯುತ್ತೇವಲ್ಲ ಎಂದು ರಸೂಲ್ ಸಾಬರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.)

ಅವರಲ್ಲೊಬ್ಬ ಹುಡುಗಿ, ಪ್ರೇಮಲತಾ ಅಂತ, "ನೀರಡಿಕೆ ಜಾಸ್ತಿ ಆಗ್ತೈತಾ? ರಾತ್ರಿ ಎದ್ದೆದ್ದು ಒಂದಕ್ಕೆ ಹೋಗ್ತೀರಾ?" ಎಂದು ಕೇಳಿದಳು.

"ಬೆನ್ನಿಗೂ ನೀರಡಿಕೆಗೂ ಏನು ಸಂಬಂಧಮ್ಮಾ? ಏನೂ ಇಲ್ಲ."

ಜೈನಾಬಿಯ ಕಿವಿ ನೆಟ್ಟಗಾಯಿತು, ಆದರೆ ಪ್ರಶ್ನೆಗಲ್ಲ. "ನೀನು ಯಾವೂರವಳವ್ವಾ?"

"ಮೊಳಕಾಲ್ಮೂರು, ಆಂಟಿ."

ಮುಗಿಯಿತು. ತವರಿನ ಹುಡುಗಿ ಕೇಳಿದ ಮೇಲೆ ಜೈನಾಬಿ ಮುಚ್ಚಿಡುವುದುಂಟೆ? "ದಿನಾ ರಾತ್ರಿ ಏಳ್ತಾರೆ ಕಣವ್ವಾ! ಕೇಳಿದ್ರೆ ಬೆಕ್ಕು ಓಡಿಸೋಕೆ ಅಂತಾರೆ. ನಮ್ಮನೇಲಿ ಬೆಕ್ಕೇ ಇಲ್ಲ. ಬಿಂದಿಗೆ ನೀರು ಒಬ್ಬರೇ ಖಾಲಿ ಮಾಡ್ತಾರೆ. ಪ್ಯಾಂಟು ಸೊಂಟದಾಗೆ ನಿಲ್ತಿಲ್ಲ, ಹಗ್ಗ ಕಟ್ಕೊಂಡವ್ರೆ. ಯರ್ರಪ್ಪಣ್ಣನ ಜೊತೆ ಸಂಜೆ ಹೋಟೆಲಿಗೆ ಹೋಗಿ ಏನು ತಿಂತಾರೋ ಕೇಳು, ನಂಗೆ ಹೇಳಲ್ಲ."

"ಜೈನಾ!" ಎಂದು ರಸೂಲ್ ಸಾಬರು ಏಳಲು ಹೋದರು.

"ಅಂಕಲ್, ಸ್ವಲ್ಪ ಮಾತಾಡ್ಬೇಡಿ," ಎಂದ ಪ್ರೇಮಲತಾ, ಸ್ಟೆತಾಸ್ಕೋಪನ್ನು ಅವರ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

ರಸೂಲ್ ಸಾಬರು ಮತ್ತೆ ಮಲಗಿದರು. ಲಾರಿಯ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಅವರೂ ಹೀಗೇ ಕಣ್ಣು ಮುಚ್ಚುತ್ತಿದ್ದರು. ಆಗ ಡ್ರೈವರ್ ಬಾಯಿಬಿಟ್ಟರೆ ಬೈಗುಳ ಗ್ಯಾರಂಟಿ. ಈ ಹುಡುಗಿ ಒಂದು ಕಡೆ ಕೇಳಿದಳು, ಸರಿಸಿ ಇನ್ನೊಂದು ಕಡೆ ಕೇಳಿದಳು, ಅನುಮಾನವಾಗಿ ಮತ್ತೆ ಮೊದಲಿನ ಜಾಗಕ್ಕೆ ಬಂದಳು. ಅವಸರವಿಲ್ಲ. ತಮ್ಮ ಎಂಜಿನ್ನಿಗೆ ಇಷ್ಟು ಹೊತ್ತು ಯಾರೂ ಕಿವಿ ಕೊಟ್ಟಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ಪಕ್ಕದಲ್ಲಿ ನಿಂತಿದ್ದ ಮೆಹನಾಜ್ ಕಣ್ಣು ಮಿಟುಕಿಸದೆ ಆ ಹುಡುಗಿಯ ಕೈಯನ್ನೇ ನೋಡುತ್ತಿದ್ದಳು.

"ಹಾರ್ಟ್ ಚೆನ್ನಾಗೈತೆ ಅಂಕಲ್. ರಕ್ತ ಒಂದು ನೋಡಿಬಿಡೋಣ."

ರಕ್ತದ ರಿಪೋರ್ಟು ಹಿಡಿದು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಡಾಕ್ಟರೇ ಬಂದರು. "ಸಾಬ್ರೇ, ಬೆನ್ನು ಗಟ್ಟಿಮುಟ್ಟಾಗೈತೆ. ಆದರೆ ಶುಗರ್ ಭಾರೀ ಏರೈತೆ. ಎರಡು ದಿನ ಇಲ್ಲೇ ಇರ್ಬೇಕು."

"ಇಲ್ಲೇ? ಸಾರ್, ನಾನು ರೋಗಿ ಅಲ್ಲ! ಟ್ರಯಲ್ ನೋಡೋಕೆ ಬಂದೋನು!"

"ಶುಗರ್ ಏರಿದಾಗ ಹಿಂಗೆ ಏನೇನೋ ಮಾತಾಡ್ತಾರೆ. ಬರ್ಕೊಳ್ರಪ್ಪಾ," ಎಂದರು ಡಾಕ್ಟರು. ವಿದ್ಯಾರ್ಥಿಗಳು ಶ್ರದ್ಧೆಯಿಂದ ಬರೆದುಕೊಂಡರು.

ವಾರ್ಡಿನ ಹಸಿರು ಅಂಗಿ ತೊಟ್ಟು ಕೂತ ಗಂಡನ ಎದುರು ಜೈನಾಬಿ ನಿಂತಳು. ಬೈಯಲು ಬಾಯಿ ತೆರೆದವಳಿಗೆ ಕಣ್ಣಲ್ಲಿ ನೀರು ಬಂತು. ಎರಡನ್ನೂ ಒಟ್ಟಿಗೇ ಮಾಡಿದಳು. "ಹಳೇ ಎಂಜಿನ್ ಏನೂ ಬಚ್ಚಿಡಲ್ಲ ಅಂತಿದ್ರಲ್ರೀ? ಐವತ್ತು ವರ್ಷದ ಎಂಜಿನ್ನು ಇಷ್ಟು ದೊಡ್ಡ ಕಾಯಿಲೆ ಬಚ್ಚಿಟ್ಟಿತ್ತಲ್ಲಾ!"

ಸಿದ್ಧಾಂತದ ಕರ್ತೃ ಮಗಳ ಕಡೆ ತಿರುಗಿ, ಮೊದಲ ಸಲ ಕೇಳಿದರು: "ಮೆಹನಾಜ್, ನೀನೇ ಹೇಳು ಬೇಟಾ. ಎಲ್ಲಿ ಓದ್ತೀಯಾ?"

"ಇಲ್ಲೇ, ಅಬ್ಬಾ. ಅಲ್ಲಿ ಹಿಂದಿನ ಸಾಲಲ್ಲಿ ನಿಂತಿದ್ದೋರು ನಿಮ್ಮ ಮುಖಾನೂ ನೋಡ್ಲಿಲ್ಲ. ಇಲ್ಲಿ ಮೂರನೇ ವರ್ಷದ ಹುಡುಗಿ ನಿಮ್ಮನ್ನ ಹಿಡಿದುಬಿಟ್ಲು." ಹಾಗೇ ಸೇರಿಸಿದಳು: "ಮತ್ತೆ ಶೆಡ್ಡು ಇರ್ಲಿ. ನೀವು ಸೈಕಲ್ಲಿಗೆ ಗಾಳಿ ಹೊಡೆದ್ರೆ ಟ್ಯೂಬೇ ಒಡೆದುಹೋಗ್ತೈತೆ."

ಸೋಮವಾರ ಸೀಟು ಹೊಸ ಕಾಲೇಜಿನಲ್ಲೇ ಆಯಿತು. ಶೆಡ್ಡಿನ ಮುಂದೆ ಇಡೀ ಸಾಲಿಗೆ ಜಿಲೇಬಿ ಹಂಚಲಾಯಿತು. ಯರ್ರಪ್ಪ ಟ್ರ್ಯಾಕ್ಟರಿನ ಮೇಲೆ ಕೂತು ಬೆರಳು ನೆಕ್ಕುತ್ತಾ, "ಏನು ಸಾಬ್ರೇ, ಹೊಸ ಎಂಜಿನ್ ನಂಬದೋರು, ಹೊಸ ಕಾಲೇಜೇ ಹಿಡಿದ್ರಲ್ಲ?" ಎಂದು ಕೆಣಕಿದ.

"ಕಾಲೇಜು ಸರಿಯಾಗೈತೆ ಯರ್ರಪ್ಪ. ಟ್ರಯಲ್ ನೋಡಿದಾಗ ಕೆಟ್ಟಿದ್ದು ನಾನೇ ಅಂತ ಗೊತ್ತಾಯ್ತು."

ಹಾಗೆನ್ನುವಾಗಲೇ ರಸೂಲ್ ಸಾಬರ ಕೈ ಯಾರಿಗೂ ಕಾಣದಂತೆ ತಟ್ಟೆಯ ಅಂಚಿನ ಪುಟ್ಟ ತುಂಡಿನ ಕಡೆ ಹೊರಟಿತ್ತು.

"ಅಬ್ಬಾ!" ಎಂದಳು ಮೆಹನಾಜ್. ಇನ್ನೂ ಒಂದು ದಿನವೂ ಕಾಲೇಜಿಗೆ ಹೋಗದ ಆ ಡಾಕ್ಟರು, ಶೆಡ್ಡಿನ ಗೋಡೆಗೆ ನೇತುಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದು, ಹಿಡಿಯನ್ನು ಕಿವಿಗೂ ತುದಿಯನ್ನು ಅಪ್ಪನ ಅಂಗಿಯ ಜೇಬಿಗೂ ಇಟ್ಟು ಕಣ್ಣು ಮುಚ್ಚಿದಳು. ಜೇಬಿನೊಳಗೆ ಕಾಗದದ ಪೊಟ್ಟಣ ಪರಪರ ಎಂದಿತು.

"ಅಮ್ಮೀ," ಎಂದು ಕೂಗಿದಳು, "ಇಲ್ಲಿ ಇನ್ನೂ ಎರಡು ಜಿಲೇಬಿ ಐತೆ!"