ಅತ್ತೆಯ ಪ್ಲಾಟು, ಮಾವನವರ ಶೇಂಗಾ

ಬೇರೆಯವರು ತೋಟ ಮಾಡಿದರೆ ಹೂವು, ತರಕಾರಿ ಬೆಳೆಯುತ್ತವೆ. ನಾವು ತೋಟ ಮಾಡಿದರೆ ಮೊದಲು ಬೆಳೆಯುವುದು ಫಜೀತಿ. ಇದು ಒಂದು ಸಲದ ಮಾತಲ್ಲ. ದೇಶ ಬಿಟ್ಟು ಹೋಗಿ ಯೂನಿಯನ್ ಸಿಟಿಯಲ್ಲಿ ನಾವಿದ್ದಷ್ಟು ವರ್ಷವೂ ಚಳಿಗಾಲದ ಮಳೆ ನಿಂತು ಬಿಸಿಲು ಬಿತ್ತು ಅನ್ನುವಷ್ಟರಲ್ಲಿ ಏನಾದರೂ ಒಂದು ಶುರುವಾಗುತ್ತಿತ್ತು. ಅದರಲ್ಲೂ ಎಂಬತ್ತರ ದಶಕದ ನಡುವಿನ ಒಂದು ವಸಂತವನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ. ಆಗ ಮಾತ್ರ ನನಗೆ ಒಂದು ಚೂರೂ ನಗು ಬಂದಿರಲಿಲ್ಲ.

ಆ ವರ್ಷ ಜನವರಿಯಲ್ಲಿ ಧಾರವಾಡದಿಂದ ನಮ್ಮತ್ತೆ ಬಂದಿದ್ದರು. ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಆರು ತಿಂಗಳು ನಮ್ಮ ಜೊತೆ ಇರಲಿ ಅಂತ ಹಟ ಹಿಡಿದು ಕರೆಸಿಕೊಂಡಿದ್ದೆವು. ಆದರೆ ಬೆಳಗಾದರೆ ನಮ್ಮ ಯಜಮಾನರು ಪಾಲೋ ಆಲ್ಟೋದ ಆಫೀಸಿಗೆ, ನಾನು ಆಸ್ಪತ್ರೆಯ ಲ್ಯಾಬಿಗೆ, ಏಳು ವರ್ಷದ ಮಗಳು ಸ್ಕೂಲಿಗೆ. ಅತ್ತೆ ಅಪಾರ್ಟ್‌ಮೆಂಟಿನ ಕಿಟಕಿ ಪಕ್ಕ ಕೂತು ಪಾರ್ಕಿಂಗ್ ಲಾಟಿನ ಕಾರುಗಳನ್ನು ನೋಡಬೇಕು. ಫೆಬ್ರವರಿ ಕೊನೆಗೆ ಒಂದು ದಿನ ಊಟದ ಹೊತ್ತಿಗೆ ಅವರು ಶಾಂತವಾಗಿ, "ನೋಡವಾ, ಏಪ್ರಿಲ್ ಕಡೀಕ ನನ್ನ ಟಿಕೆಟ್ ಮಾಡಸ್ರಿ. ಇಲ್ಲೆ ನನಗ ಮಾಡ್ಲಿಕ್ಕೆ ಏನೈತಿ?" ಅಂದರು. ಮಗಳು ಅಜ್ಜಿಗೆ ಅಂಟಿಕೊಂಡುಬಿಟ್ಟಿದ್ದಳು. ನಾನೂ ಅಂಟಿಕೊಂಡಿದ್ದೆ, ಮೈಸೂರಿನವಳು ನೋಡಿ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಅದೇ ವಾರ ಊರಿನ ಕಮ್ಯುನಿಟಿ ಗಾರ್ಡನ್ನಿನಿಂದ ಕಾಗದ ಬಂತು. ಊರಿನವರಿಗೆ ತುಂಡು ತುಂಡಾಗಿ ಹಂಚಿಕೊಡುವ ಜಾಗ ಅದು. ಎರಡು ವರ್ಷ ಸರದಿಯಲ್ಲಿ ಕಾದ ಮೇಲೆ ನಮಗೂ ಒಂದು ಪ್ಲಾಟು ಸಿಕ್ಕಿತ್ತು, ಹತ್ತಡಿಗೆ ಇಪ್ಪತ್ತಡಿ. ಮನೆಯಿಂದ ಹತ್ತು ನಿಮಿಷದ ನಡಿಗೆ. ಮೊದಲ ದಿನ ಅತ್ತೆ ಅಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದರು. "ಥೇಟ್ ನಮ್ಮ ಎರಿ ಮಣ್ಣು" ಅಂದರು. ಮಾರನೇ ದಿನ ಬೆಳಿಗ್ಗೆ ಆರಕ್ಕೇ ಸೀರೆ ಎತ್ತಿಕಟ್ಟಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಟಿಕೆಟ್ಟಿನ ಮಾತು ತೆಗೆದರೆ, "ಬಿತ್ತಿದ್ದು ನಾಕು ಎಲಿ ಬಿಡ್ಲಿ, ಆಮ್ಯಾಲ ನೋಡೂಣು" ಅಂದರು. ನಾನು ಆ ನಾಲ್ಕು ಎಲೆಗೆ ದೇವರಿಗೆ ತುಪ್ಪದ ದೀಪ ಹರಸಿಕೊಂಡೆ.

ನಕ್ಷೆ

ನಮ್ಮ ಯಜಮಾನರು ಇಂಜಿನಿಯರು. ನೆಲಕ್ಕೆ ಗುದ್ದಲಿ ಹಾಕುವ ಮೊದಲು ಡಿಸೈನ್ ಆಗಬೇಕು ಅಂದರು. ಮೊದಲ ಶನಿವಾರ ಅಳತೆ ಟೇಪು ಹಿಡಿದು ನಾಲ್ಕೂ ಮೂಲೆ ಅಳೆದರು. ಭಾನುವಾರ ಗ್ರಾಫ್ ಹಾಳೆಯ ಮೇಲೆ ಬರೆದರು. ಎಲ್ಲಿ ಮೆಂತ್ಯ, ಎಲ್ಲಿ ಕೊತ್ತಂಬರಿ, ಯಾವ ಗಿಡದ ನೆರಳು ಎಷ್ಟು ಗಂಟೆಗೆ ಯಾವ ಗಿಡದ ಮೇಲೆ ಬೀಳುತ್ತದೆ, ಎಲ್ಲ ಬಣ್ಣದ ಪೆನ್ಸಿಲಿನಲ್ಲಿ. ಗಿಡವೇ ಇರಲಿಲ್ಲ, ನೆರಳು ಮಾತ್ರ ಸಿದ್ಧವಾಯಿತು. ಎರಡನೇ ಶನಿವಾರ ಗೂಟ ಹೊಡೆದು ದಾರ ಕಟ್ಟಿದರು. ಒಂದು ದಾರ ಅರ್ಧ ಇಂಚು ಓರೆಯಾಗಿತ್ತು ಅಂತ ಎಲ್ಲ ಬಿಚ್ಚಿ ಮತ್ತೆ ಕಟ್ಟಿದರು.

ಅಲ್ಲಿಯ ಮಣ್ಣು ಇಂಜಿನಿಯರಿಗೆ ಕಾಯುವಂಥದ್ದಲ್ಲ. ಮಳೆ ಬಿದ್ದಾಗ ಹಲ್ವ, ಬಿಸಿಲು ಬಿದ್ದರೆ ಇಟ್ಟಿಗೆ. ಅಗೆಯುವುದಕ್ಕೆ ಸರಿಯಾದ ಹದ ನಡುವೆ ನಾಲ್ಕೇ ದಿನ. ಆ ನಾಲ್ಕು ದಿನ ನಮ್ಮದು ದಾರ ಕಟ್ಟುವುದರಲ್ಲಿ ಹೋಯಿತು. ಪಕ್ಕದ ಪ್ಲಾಟಿನ ಪೋರ್ಚುಗೀಸ್ ತಾತ, ಹುಟ್ಟಾ ರೈತ, ಬೇಲಿಗೆ ಒರಗಿ ಇದನ್ನೆಲ್ಲ ಬಾಯಿ ಕಳೆದುಕೊಂಡು ನೋಡುತ್ತಿದ್ದ. ಮಾರ್ಚ್ ಕೊನೆಗೆ ನಮ್ಮ ಗೂಟಕ್ಕೆ ಗಾರ್ಡನ್ನಿನವರು ಒಂದು ಹಳದಿ ಚೀಟಿ ಸಿಕ್ಕಿಸಿದ್ದರು. ಪ್ಲಾಟು ಖಾಲಿ ಬಿದ್ದಿದೆ, ಮೂರು ವಾರ ಬಿಟ್ಟು ತಪಾಸಣೆಗೆ ಬರುತ್ತೇವೆ, ಆಗಲೂ ಹೀಗೇ ಇದ್ದರೆ ಸರದಿಯಲ್ಲಿ ಮುಂದಿರುವವರಿಗೆ ಕೊಡುತ್ತೇವೆ ಅಂತ. ಯಜಮಾನರು ಮುಖ ಇಳಿಬಿಟ್ಟು ನಕ್ಷೆ ಮಡಚುತ್ತಿದ್ದರು.

"ನಕ್ಷಾ ಪೂರಾ ಆತೇನೋ?" ಅಂತ ಅತ್ತೆ ಕೇಳಿದರು.

"ಆತವ್ವಾ."

"ಹಂಗಾದ್ರ ಅದನ್ನಽ ಬಿತ್ತಿಬಿಡು."

ಬಿಯರು

ನಾನೂ ಅತ್ತೆಯೂ ಸೇರಿ ಇಟ್ಟಿಗೆ ಒಡೆದಂತೆ ನೆಲ ಒಡೆದು, ನೀರು ಬಿಟ್ಟು, ಅರ್ಧ ಪ್ಲಾಟಿಗೆ ಮೆಂತ್ಯ ಹಾಕಿದೆವು. ಐದಾರು ದಿನಕ್ಕೆ ಮೊಳಕೆ ಬಂತು. ಎಲೆ ಎರಡಾದವು. ನಾಲ್ಕಾಗುತ್ತವೆ ಅಂತ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರೆ, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಏನೂ ಇಲ್ಲ. ಬರೀ ಬೆಳ್ಳಿ ಗೆರೆಗಳು. ಬಸವನಹುಳುಗಳು ಬಂದು ಬುಡಸಮೇತ ಊಟ ಮುಗಿಸಿದ್ದವು.

ಪಕ್ಕದ ತಾತ ಉಪಾಯ ಹೇಳಿಕೊಟ್ಟ. ಸಣ್ಣ ತಟ್ಟೆಯಲ್ಲಿ ಬಿಯರು ಹಾಕಿ ನೆಲದ ಮಟ್ಟಕ್ಕೆ ಹೂತಿಡಿ, ಹುಳು ಕುಡಿಯಲು ಬಂದು ಅದರಲ್ಲೇ ಬಿದ್ದು ಸಾಯುತ್ತದೆ. ಅತ್ತೆಗೆ ಹುಳ ಕೊಲ್ಲುವುದೆಂದರೆ ಆಗದು. ಕೊನೆಗೆ ಅವರೇ ದಾರಿ ಹುಡುಕಿದರು. "ನಾವೇನು ಕುಡಿ ಅಂತ ಒತ್ತಾಯ ಮಾಡಂಗಿಲ್ಲಲ್ಲ. ಬರೋದು ಬಿಡೋದು ಅವುಗಳ ಕರ್ಮ."

ನಮ್ಮ ಮನೆಗೆ ಅದುವರೆಗೆ ಬಿಯರು ಬಂದಿರಲಿಲ್ಲ. ಗ್ರೋಸರಿಯಲ್ಲಿ ಯಾವುದು ತೆಗೆದುಕೊಳ್ಳಬೇಕು ಅಂತ ಗೊತ್ತಾಗದೆ ಡಬ್ಬಿಗಳ ದೊಡ್ಡ ಕಟ್ಟನ್ನೇ ಅಂಗಡಿಯ ತಳ್ಳುಗಾಡಿಗೆ ಹಾಕಿ, ಮೇಲೆ ಒಂದು ಎಲೆಕೋಸು ಮುಚ್ಚಿಟ್ಟೆ. ಒಂದು ಎಲೆಕೋಸಿಗೆ ಎಷ್ಟು ಮುಚ್ಚಲಾಗುತ್ತದೆ? ತಿರುಗಿದರೆ ಎದುರಿಗೆ ಸರಟೋಗಾದ ಡಾಕ್ಟರ ಹೆಂಡತಿ. ನಮ್ಮ ಕನ್ನಡದವರಲ್ಲಿ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಮುಂದೆ ಕೂತು ಹಾಡು ಹೇಳುವವರು. ಯಾವತ್ತೂ ಈ ಕಡೆ ಬಾರದವರು ಅವತ್ತೇ ಯಾಕೆ ಬಂದರೋ ದೇವರೇ ಬಲ್ಲ. ಅವರ ಕಣ್ಣು ನನ್ನ ಗಾಡಿಯ ಮೇಲೆ ಬಿತ್ತು.

"ಇದು ಬಸವನಹುಳಕ್ಕೆ" ಅಂದೆ.

"ಹೌದಾ?" ಅಂದರು ಅವರು. ಆ ಒಂದು ಹೌದಾದಲ್ಲಿ ನನ್ನ ಸಂಸಾರದ ಬಗ್ಗೆ ಮರುಕವೆಲ್ಲ ಇತ್ತು.

ಹುಳುಗಳೇನೋ ಸಂತೋಷವಾಗಿ ಬಂದವು, ಕುಡಿದವು, ಸತ್ತವು. ಆದರೆ ಮುಂದಿನ ತಿಂಗಳು ಅವರ ಮನೆಯ ಪೂಜೆಗೆ ಹೋದಾಗ ಡಾಕ್ಟರು ನಮ್ಮ ಯಜಮಾನರ ಹೆಗಲ ಮೇಲೆ ಕೈಹಾಕಿ ಗ್ಯಾರೇಜಿನ ಕಡೆ ಕರೆದುಕೊಂಡು ಹೋಗಿ, ತಣ್ಣನೆಯ ಒಂದು ಡಬ್ಬಿ ಕೈಗಿಟ್ಟು, ಪಿಸುಮಾತಿನಲ್ಲಿ ಹೇಳಿದರಂತೆ. "ಸಂಕೋಚ ಬೇಡಿ ಸಾರ್. ನಾನೂ ಬಸವನಹುಳವೇ."

ನೀಲಿ ಕಾಗೆ

ಮಾವನವರ ತಿಥಿ ಏಪ್ರಿಲ್ ಮೊದಲ ವಾರದಲ್ಲಿ ಬಂತು. ನಮ್ಮವರು ಮನೆಯಲ್ಲೇ ಎಳ್ಳುನೀರು ಬಿಟ್ಟರು. ಅತ್ತೆ ಅನ್ನ, ವಡೆ, ಪಾಯಸ ಎಲ್ಲ ಮಾಡಿದರು. ಕಾಗೆಗೆ ಇಡುವುದು ಎಲ್ಲಿ? ಬಾಲ್ಕನಿಯಲ್ಲಿ ಅನ್ನ ಇಟ್ಟರೆ ರಕೂನು ಅನ್ನುವ ಕಳ್ಳ ಪ್ರಾಣಿ ಬರುತ್ತದೆ ಅಂತ ಅಪಾರ್ಟ್‌ಮೆಂಟಿನ ಮ್ಯಾನೇಜರು ಹಿಂದೆಯೇ ಬೈದಿದ್ದ. ಹಾಗಾಗಿ ಪೇಪರ್ ಪ್ಲೇಟಿನಲ್ಲಿ ಬಡಿಸಿಕೊಂಡು ಪ್ಲಾಟಿಗೇ ಹೋದೆವು. ಗೂಟದ ಪಕ್ಕ ಇಟ್ಟು ಕಾಗೆಗಾಗಿ ಕಾದೆವು. ಅರ್ಧ ಗಂಟೆಯಾದರೂ ಒಂದು ಕಾಗೆಯೂ ಇಲ್ಲ. ಅತ್ತೆಯ ಮುಖ ಬಾಡಿತು. "ಇಷ್ಟು ದೂರ ಅವರಿಗೆ ದಾರಿ ಗೊತ್ತಾಗಿರಲಿಕ್ಕಿಲ್ಲ" ಅಂದರು.

ಅಷ್ಟರಲ್ಲಿ ನೀಲಿ ಬಣ್ಣದ, ಉದ್ದ ಬಾಲದ ಒಂದು ಹಕ್ಕಿ ಬೇಲಿಯಿಂದ ಹಾರಿಬಂತು. ಆ ಕಡೆಯ ಜನ ಅದಕ್ಕೆ ಜೇ ಅನ್ನುತ್ತಾರೆ. ತಲೆ ಒಂದು ಪಕ್ಕಕ್ಕೆ ವಾರೆ ಮಾಡಿ ನಮ್ಮನ್ನೆಲ್ಲ ನೋಡಿತು, ಅನ್ನ ಬಿಟ್ಟು ನೇರವಾಗಿ ವಡೆ ಕಚ್ಚಿಕೊಂಡು ಹೋಯಿತು. ಅತ್ತೆಗೆ ಕಣ್ಣು ತುಂಬಿ ಬಂತು. "ಅವರಽ! ಅವರೂ ಮದಲ ವಡಿಗಽ ಕೈ ಹಾಕ್ತಿದ್ರು. ನೀಲಿ ಶರ್ಟು ಅಂದ್ರ ಜೀವ."

ಎಲ್ಲರಿಗೂ ಸಮಾಧಾನವಾಯಿತು. ಗ್ರಹಚಾರ ಕಾಣಿಸಿಕೊಂಡದ್ದು ಮರುದಿನ. ಮೆಂತ್ಯ ಹೋದ ಜಾಗದಲ್ಲಿ ಅತ್ತೆ ಶೇಂಗಾ ಬಿತ್ತುತ್ತಿದ್ದರು. ನಮ್ಮ ಮೈಸೂರಿನ ಕಡಲೆಕಾಯಿಯೇ, ಧಾರವಾಡದವರ ಬಾಯಲ್ಲಿ ಶೇಂಗಾ. ಅತ್ತೆ ಮುಂದೆ ಮುಂದೆ ಒಂದೊಂದೇ ಬೀಜ ಊರುತ್ತ ಹೋದರು. ಆ ಹಕ್ಕಿ ಹಿಂದೆ ಹಿಂದೆ ಒಂದೊಂದೇ ಕಿತ್ತು ತಿನ್ನುತ್ತ ಬಂತು. ಪಕ್ಕದ ತಾತ ಕೂಗಿ ಓಡಿಸಲು ನೋಡಿದರೆ ಅತ್ತೆ ಅವನನ್ನೇ ಕೈಸನ್ನೆ ಮಾಡಿ ತಡೆದರು. ನಾನು ಮಣ್ಣಿನ ಹೆಂಟೆ ಎತ್ತಿಕೊಂಡೆ.

"ಹೊಡಿಬ್ಯಾಡವಾ! ಮಾವನವರು ನಿನಗ!"

ಕೈಯಲ್ಲಿದ್ದ ಹೆಂಟೆ ಹಾಗೇ ಕೆಳಗಿಟ್ಟೆ. ಮಾವನವರಿಗೆ ಹೆಂಟೆ ಎಸೆದ ಸೊಸೆ ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಎರಡೇ ದಿನದಲ್ಲಿ ಬಿತ್ತಿದ್ದೆಲ್ಲವನ್ನೂ ಆ ಮಾವನವರು ಖಾಲಿ ಮಾಡಿದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಗೂಟದ ಮೇಲೆ ಕೂತಿದ್ದ ಹಕ್ಕಿಗೆ ಹೇಳಿದರು. "ಅಲ್ಲೂ ಹಿಂಗಽ. ಹುರದಿಟ್ಟ ಶೇಂಗಾ ಡಬ್ಬಿ ಒಂದಿನಾ ಸಂಜೀತನಕ ಉಳೀಲಿಲ್ಲ. ಸತ್ತ ಮ್ಯಾಲರೆ ಸುಧಾರಿಸಬಾರದ?"

ತಪಾಸಣೆ

ಇನ್ನು ಒಂದೇ ವಾರ ಉಳಿದಿತ್ತು. ಮೆಂತ್ಯ ಹುಳುವಿನ ಪಾಲು, ಶೇಂಗಾ ಮಾವನವರ ಪಾಲು, ಪ್ಲಾಟು ಬೋಳು. ಅತ್ತೆ ರಾತ್ರಿ ಊಟಕ್ಕೆ ಕೂತಾಗ ಮಗನಿಗೆ, "ಟಿಕೆಟ್ ಪಕ್ಕಾ ಮಾಡಿಬಿಡಪಾ" ಅಂದರು. ಆ ವಾರವೇ ನನಗೆ ಲ್ಯಾಬಿನಲ್ಲಿ ಎರಡೆರಡು ಪಾಳಿಯ ಕೆಲಸ ಬಿದ್ದು, ತೋಟದ ಕಡೆ ತಲೆಹಾಕಲೂ ಆಗಲಿಲ್ಲ. ಅತ್ತೆ ಮಾತ್ರ ದಿನಾ ಹೋಗುತ್ತಿದ್ದರು, ಸ್ಕೂಲು ಬಿಟ್ಟ ಮೇಲೆ ಮಗಳೂ ಹೋಗುತ್ತಿದ್ದಳು. ಪ್ಲಾಟಿಗೆ ವಿದಾಯ ಹೇಳುತ್ತಿದ್ದಾರೆ ಅಂದುಕೊಂಡು ನಾನು ಏನೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಎಲ್ಲರೂ ಹೋದೆವು. ದೂರದಿಂದ ನೋಡಿದವಳಿಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಪ್ಲಾಟು ಹಸಿರಾಗಿತ್ತು! ಯಜಮಾನರ ದಾರಗಳ ಗುಂಟ ನೆಟ್ಟಗೆ ಸಾಲು ಸಾಲು ಗಿಡ, ಬುಡದಲ್ಲಿ ಒದ್ದೆ ಮಣ್ಣು. ಒಂದೊಂದಕ್ಕೂ ನಾಲ್ಕಲ್ಲ, ಹತ್ತು ಎಲೆ. ಪಕ್ಕದ ತಾತ ನನ್ನ ಕೈ ಹಿಡಿದು, "ನಿಮ್ಮಮ್ಮ ದೊಡ್ಡ ಮನಸ್ಸಿನವರು. ನನ್ನ ಪ್ಲಾಟು, ಆ ಕಡೆಯ ಪ್ಲಾಟು, ಇಲ್ಲಿರುವ ಎಲ್ಲರ ಪ್ಲಾಟಿನ ಕಳೆಯನ್ನೂ ಒಬ್ಬರೇ ಕಿತ್ತರು" ಅಂದ. ಆಮೇಲೆ ಸ್ವಲ್ಪ ಅನುಮಾನದಿಂದ, "ಆದರೆ ಕಿತ್ತದ್ದನ್ನು ಏನು ಮಾಡಿದರು ಅಂತ ನೋಡಿದಿರಾ?" ಅಂದ.

ಬಗ್ಗಿ ನೋಡಿದೆ. ಎಲ್ಲರ ಪ್ಲಾಟಿನ ಕಳೆ ನಮ್ಮ ಪ್ಲಾಟಿನಲ್ಲಿತ್ತು. ಬೇರು ಹರಿಯದಂತೆ ತಂದು, ಗೇಣಿಗೊಂದರಂತೆ ನೆಟ್ಟು, ನೀರು ಹಾಕಿ ಬೆಳೆಸಿದ್ದರು.

"ಅತ್ತೆ, ಇದೇನಿದು?"

"ಚಕ್ಕೋತ ಸೊಪ್ಪು ಕಣ್ಣಿಗೆ ಕಾಣಂಗಿಲ್ಲೇನ? ಇಂಥಾ ಎಳೀ ಸೊಪ್ಪು ಇವರು ಕಿತ್ತು ಕಿತ್ತು ತಿಪ್ಪಿಗೆ ಒಗೀತಾರ, ಹುಚ್ಚರು. ಹುಳಾನೂ ಮುಟ್ಟಿಲ್ಲ, ನಿಮ್ಮ ಮಾವನೂ ಮುಟ್ಟಿಲ್ಲ."

ಹಿಂದೆ ಕೆಮ್ಮಿದ ಸದ್ದಾಯಿತು. ಕ್ಲಿಪ್‌ಬೋರ್ಡು ಹಿಡಿದ ತಪಾಸಣೆಯ ಮೇಡಂ ನಿಂತಿದ್ದರು. ಒಂದು ಸಾಲು ನೋಡಿದರು, ಎರಡನೇ ಸಾಲು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮೂರನೇ ಸಾಲು ನೋಡಿದರು. "ಇದೆಲ್ಲ ಕಳೆ. ಕಳೆ ತುಂಬಿದ ಪ್ಲಾಟನ್ನು ವಾಪಸು ತಗೋಬೇಕು ಅನ್ನೋದು ನಿಯಮ" ಅಂದರು. "ಆದರೆ ಇಷ್ಟು ಚೆನ್ನಾಗಿ ಇಟ್ಟುಕೊಂಡ ಪ್ಲಾಟನ್ನು ನಾನು ಈ ವರ್ಷ ನೋಡಿಲ್ಲ. ಏನು ಬರೆಯಲಿ?"

"ಏನಂತಾಳ ಈಕಿ?" ಅಂತ ಅತ್ತೆ.

"ಇದು ಕಳೆಯಂತೆ ಅತ್ತೆ. ಪ್ಲಾಟು ವಾಪಸು ತಗೋತಾರಂತೆ."

ಅತ್ತೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಜೋಳದ ರೊಟ್ಟಿ, ಧಾರವಾಡದವರ ಬಾಯಲ್ಲಿ ಭಕ್ಕರಿ, ಅದರ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಚಕ್ಕೋತ ಪಲ್ಯ. ಒಂದು ತುಂಡು ಸುತ್ತಿ ಮೇಡಂ ಕೈಗೇ ಕೊಟ್ಟರು. "ತಿಂದು ಆಮ್ಯಾಲ ಬರಿ ಅನ್ನು."

ಮೇಡಂ ಸಂಕೋಚದಿಂದ ಒಂದು ತುತ್ತು ತಿಂದರು. ನಾವು ನಾಲ್ಕೂ ಜನ ಅವರ ಬಾಯನ್ನೇ ನೋಡುತ್ತ ನಿಂತೆವು. ಅವರು ಪೂರ್ತಿ ತಿಂದು, ಬೆರಳು ಒರೆಸಿಕೊಂಡು, ಇನ್ನೊಂದು ತುಂಡಿಗೆ ಕೈ ಚಾಚಿದರು. ಪಕ್ಕದ ತಾತ ಬೇಲಿಯಾಚೆಯಿಂದ, "ಈ ಅಮ್ಮನನ್ನು ಕಳಿಸಿದರೆ ನನ್ನ ಪ್ಲಾಟಿನ ಕಳೆ ನೀವು ಬಂದು ಕೀಳಬೇಕು" ಅಂತ ಕೂಗಿದ. ನನಗೆ ಸ್ವಲ್ಪ ಉಸಿರು ಬಂತು.

ಅದೇ ಗಳಿಗೆಗೆ ನೀಲಿ ಹಕ್ಕಿ ಭರ್ರನೆ ಬಂದು, ಮೇಡಂ ಕೈಯಲ್ಲಿದ್ದ ಭಕ್ಕರಿಯನ್ನು ಕಸಿದುಕೊಂಡು ಗೂಟದ ಮೇಲೆ ಕೂತಿತು. ಅತ್ತೆ ಸಿಟ್ಟಿಗೆದ್ದರು. ಹಕ್ಕಿಯ ಕಡೆ ಬೆರಳು ತೋರಿಸಿ, "ಒಂಚೂರರೆ ಮರ್ಯಾದಿ ಬ್ಯಾಡೇನ್ರಿ? ಮಂದಿ ಬಂದಾಗ ಅವರ ಕೈಯಾಗಿಂದು ಕಸಗೊಳ್ಳೋದ? ನೀವು ಆಮ್ಯಾಲ ತಿನ್ರಿ!" ಅಂತ ಗದರಿದರು. ಹಕ್ಕಿ ತಲೆ ವಾರೆ ಮಾಡಿ ಕೇಳಿಸಿಕೊಂಡಿತು.

"ಯಾರ ಜೊತೆ ಮಾತಾಡುತ್ತಿದ್ದಾರೆ?" ಅಂತ ಮೇಡಂ ಕೇಳಿದರು. ನಾನು ಏನೋ ಸುಳ್ಳು ಹೊಂದಿಸಿಕೊಳ್ಳುವಷ್ಟರಲ್ಲಿ ಮಗಳು ಮುಂದೆ ಬಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಳು. "ದಟ್ಸ್ ಮೈ ಗ್ರ್ಯಾಂಡ್‌ಪಾ. ಹೀ ಕಮ್ಸ್ ಎವ್ರಿ ಡೇ."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮೇಡಂ ಹಕ್ಕಿಯನ್ನು ನೋಡಿದರು. ಅತ್ತೆಯನ್ನು ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಕ್ಲಿಪ್‌ಬೋರ್ಡಿನಲ್ಲಿ ಏನೇನೋ ಬರೆದು, ಕಾರ್ಬನ್ ಪ್ರತಿ ಹರಿದು ಯಜಮಾನರ ಕೈಗೆ ಕೊಟ್ಟು, ಗೂಟದ ಕಡೆಗೂ ಒಮ್ಮೆ ತಲೆಬಾಗಿಸಿ ಹೊರಟುಹೋದರು.

ಯಜಮಾನರು ಅದನ್ನು ಗಟ್ಟಿಯಾಗಿ ಓದಿದರು. ಬೆಳೆ: ಸೊಪ್ಪು. ಪ್ಲಾಟಿನ ಸ್ಥಿತಿ: ಅತ್ಯುತ್ತಮ. ಕೆಲಸ ಮಾಡುವವರು: ಅಜ್ಜಿ, ತಂದೆ, ತಾಯಿ, ಮಗಳು. ಅದರ ಕೆಳಗೆ ಇನ್ನೊಂದು ಸಾಲು: ಅಜ್ಜ, ಪಾರ್ಟ್ ಟೈಮ್.

ಅತ್ತೆಗೆ ಅದನ್ನು ಬಿಡಿಸಿ ಹೇಳಿದೆವು. ಗೂಟದ ಮೇಲೆ ಕೂತು ಭಕ್ಕರಿ ಮುಗಿಸುತ್ತಿದ್ದ ಹಕ್ಕಿಯ ಕಡೆ ಅವರು ನೋಡಿದರು.

"ಪಾಪ, ಇವರಿಗೆ ಬ್ಯಾಸರ ಆಗಬಾರದಂತ ಆಕಿ ಕೆಲಸಾ ಮಾಡ್ತಾರ ಅಂತ ಬರದಾಳ. ನಲವತ್ತು ವರ್ಷ ಸಂಸಾರ ಮಾಡೀನಿ, ಇವರು ಕೆಲಸ ಮಾಡಿದ್ದು ನಾ ಕಂಡಿಲ್ಲ" ಅಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನ ಕಡೆ ತಿರುಗಿದರು. "ಆ ಟಿಕೆಟ್ ಮುಂದಕ್ಕ ಹಾಕ್ಸಪಾ. ಇವರನ್ನ ನಿಮ್ಮ ಮ್ಯಾಲ ಬಿಟ್ಟು ಹೋದ್ರ, ನಿಮಗ ಸಂಭಾಳಸ್ಲಿಕ್ಕೆ ಆಗಂಗಿಲ್ಲ."