ದೊರೆಯ ತಲೆಗೆ ಕೈ ಹಾಕುವ ಕ್ರಮ

ಮಗಳು: ಅಪ್ಪ, ಯಾರನ್ನೂ ಕರೀಬೇಡ ಅಂದ್ರೆ ಕರೀಬೇಡ. ಒಂದು ತಲೆ ಕೂದಲು ಕತ್ತರಿಸೋದಕ್ಕೆ ಸೈನ್ಯ ಬೇಕಾಗಿಲ್ಲ.

ಅಜ್ಜ: ಸೈನ್ಯ ಎಲ್ಲಿಂದ ಬಂತು? ಪಕ್ಕದ ಗ್ಯಾರೇಜಿನವನು ಒಬ್ಬನೇ. ಲಾರಿ ಟೈರನ್ನ ಒಂದೇ ಕೈಲಿ ಎತ್ತುತ್ತಾನೆ. ಅವನು ಹಿಡ್ಕೋತಾನೆ, ನಾನು ಮೆಷೀನ್ ಆಡಿಸ್ತೀನಿ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗೀತು.

ಮಗಳು: ಹೋದ ಸಲ ನೀನು, ನಾನು, ಇವನಪ್ಪ ಮೂರು ಜನ ಹಿಡ್ಕೊಂಡ್ವಲ್ಲ. ಏನಾಯ್ತು?

ಅಜ್ಜ: ಅಳಿಯಂದ್ರು ಕೈ ಸಡಿಲ ಬಿಟ್ರು.

ಮಗಳು: ಸಡಿಲ ಬಿಟ್ಟಿದ್ದು ಇವನು ಕಚ್ಚಿದ್ದಕ್ಕೆ.

ಅಜ್ಜ: ಅದನ್ನೇ ನಾನೂ ಹೇಳ್ತಿರೋದು. ಗ್ಯಾರೇಜಿನವನ ಕೈಲಿ ಯಾವಾಗ್ಲೂ ಗ್ರೀಸ್ ಇರುತ್ತೆ. ಯಾರೂ ಕಚ್ಚಲ್ಲ.

ಅಂದು ಸಲೂನಿಗೆ ವಾರದ ರಜೆ. ಅಜ್ಜನ ಅಂಗಡಿಯೆಂದರೆ ಎರಡು ತಿರುಗುವ ಕುರ್ಚಿ, ಗೋಡೆಯುದ್ದ ಕನ್ನಡಿ, ಒಂದು ಬೆಂಚು, ಸಾಲದ್ದಕ್ಕೆ ಅಜ್ಜನ ಬಾಯಿ. ಬೆಂಚಿನ ಮೇಲೆ ಮಗಳು ಕೂತಿದ್ದಳು. ನೆಲದ ಮೇಲೆ ಅವಳ ಮಗ ಕೂತು, ನೀರಿನ ಸ್ಪ್ರೇ ಬಾಟಲಿಯಿಂದ ಕನ್ನಡಿಯ ಕೆಳತುದಿಗೆ ಹನಿ ಹೊಡೆದು, ಹನಿಗಳು ಒಂದರ ಹಿಂದೊಂದು ಜಾರುವುದನ್ನು ನೋಡುತ್ತಿದ್ದ. ಅವನಿಗೆ ಏಳು ವರ್ಷ. ಆಟಿಸಂ ಇದೆ, ಮಾತು ಕಡಿಮೆ. ಕರೆದರೆ ಬರುವುದಿಲ್ಲ, ಮನಸ್ಸಾದಾಗ ದರ್ಶನ ಕೊಡುತ್ತಾನೆ ಎಂದು ಅಜ್ಜನೇ ಅವನಿಗೆ ದೊರೆ ಎಂದು ಹೆಸರಿಟ್ಟಿದ್ದ.

ದೊರೆಯ ಕೂದಲು ಕಣ್ಣಿನೊಳಗೆ ಬೀಳುತ್ತಿತ್ತು. ಉಜ್ಜಿ ಉಜ್ಜಿ ಎರಡೂ ಕಣ್ಣು ಕೆಂಪಾಗಿದ್ದವು. ಕೂದಲು ಹೀಗೇ ಬಿಟ್ಟರೆ ಔಷಧಿ ಹಾಕಿಯೂ ಪ್ರಯೋಜನವಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಮೆಷೀನಿನ ಸದ್ದು ಕೇಳಿದರೆ ಸಾಕು, ದೊರೆ ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದ. ಹೋದ ಸಲ ಹಿಡಿದು ಕೂರಿಸಿದ ಮೇಲಂತೂ ಬೀದಿಯ ತಿರುವಿನಲ್ಲೇ ಅಳು ಶುರುವಾಗುತ್ತಿತ್ತು. ಅವನನ್ನು ಮತ್ತೆ ಅಂಗಡಿಯೊಳಗೆ ತಂದು ಕೂರಿಸಿದವಳು ಈಗ ಅವನ ಪಕ್ಕದಲ್ಲೇ, ಆಫ್ ಮಾಡಿದ ಮೆಷೀನನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಅವಳು ಇಂಥ ಮಕ್ಕಳಿಗೆ ಹಂತಹಂತವಾಗಿ ಅಭ್ಯಾಸ ಮಾಡಿಸುವ ಬಿಹೇವಿಯರ್ ಥೆರಪಿಸ್ಟ್. ಆ ಹೆಸರು ಅಜ್ಜನ ನಾಲಿಗೆಯಲ್ಲಿ ಹೊರಳದ್ದರಿಂದ ಅವಳು ಎಲ್ಲರಿಗೂ ಟೀಚರ್ ಆಗಿದ್ದಳು.

ಅಜ್ಜ: ಟೀಚರ್, ಬೇಜಾರು ಮಾಡ್ಕೋಬೇಡಿ. ನೀವು ಬರೋಕೆ ಶುರು ಮಾಡಿ ತಿಂಗಳ ಮೇಲಾಯ್ತು. ನೆಲದ ಮೇಲೆ ಕೂತ್ಕೋತೀರಿ, ಆಟ ಆಡ್ತೀರಿ, ಹೋಗ್ತೀರಿ. ಇವನು ಕಲಿತಿದ್ದಾದ್ರೂ ಏನು?

ಟೀಚರ್: ಮೊದಲು ಬಾಗಿಲ ಹತ್ರ ನಿಂತ್ಕೊಂಡು ಮೆಷೀನ್ ನೋಡ್ತಿದ್ದ. ಆಮೇಲೆ ಮುಟ್ಟಿದ. ಈಗ ಆನ್ ಮಾಡಿದ್ರೂ ಎದ್ದು ಓಡಲ್ಲ.

ಅಜ್ಜ: ನನ್ನ ಹತ್ರ ಕೆಲಸ ಕಲಿಯೋಕೆ ಬಂದೋರು ತಿಂಗಳೊಳಗೆ ಗಡ್ಡ ಕೆರೀತಿದ್ರು.

ಟೀಚರ್: ಯಾರ ಗಡ್ಡ?

ಅಜ್ಜ: ಬಲೂನಿಂದು.

ಟೀಚರ್: ಬಲೂನಿಗೂ ಗಡ್ಡ ಬರುತ್ತಾ?

ಅಜ್ಜ: ಊದಿದ ಬಲೂನಿಗೆ ಸೋಪು ಹಚ್ಚಿ ಕತ್ತಿ ಆಡಿಸ್ಬೇಕು. ಒಡೆದ್ರೆ ಮತ್ತೆ ಮೊದಲಿಂದ. ಕೈ ಪಳಗೋದು ಹಾಗೇ.

ಟೀಚರ್: ನೇರವಾಗಿ ಗಿರಾಕಿ ಗಡ್ಡಕ್ಕೇ ಕತ್ತಿ ಹಾಕಿಸಬಹುದಿತ್ತಲ್ಲ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗೀತಿತ್ತು.

ಅಜ್ಜ: ಗಿರಾಕಿನೇ ಮುಗೀತಿದ್ದ.

ಟೀಚರ್: ಹಾಗಾದ್ರೆ ನನ್ನ ಕೆಲಸ ನಿಮಗೆ ಗೊತ್ತಿರೋದೇ. ನಾನೂ ಬಲೂನ್ ಹಂತದಲ್ಲಿದ್ದೀನಿ.

ಅಜ್ಜ ಅವಳ ತಲೆಯನ್ನೇ ನೋಡಿದ. ಟೀಚರ್ ತನ್ನ ಕೂದಲನ್ನು ತಾನೇ ಮನೆಯಲ್ಲಿ ಕತ್ತರಿಸಿಕೊಳ್ಳುತ್ತಾಳೆಂಬುದು ಅಜ್ಜನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅಂದಿನಿಂದ ಅವಳ ಮಾತಿನ ಮೇಲೆ ಅವನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಅಜ್ಜ: ಸರಿ, ಅದು ಬಿಡಿ. ಈ ಬಾಟಲಿ ಏನು? ಮೆಷೀನ್ ಮುಟ್ಟಿದ್ರೆ ಬಾಟಲಿ, ಕುರ್ಚಿ ಮುಟ್ಟಿದ್ರೆ ಬಾಟಲಿ. ನಾಯಿಗೆ ಬಿಸ್ಕತ್ತು ಹಾಕಿದ ಹಾಗೆ. ಮನುಷ್ಯರ ಮಗು ಅದು.

ಟೀಚರ್: ಗಿರಾಕಿ ಏಳೋ ಮುಂಚೆ ಹೆಗಲು ತಟ್ಟಿ, ‘ನೋಡ್ಕೊಳ್ಳಿ, ಹತ್ತು ವರ್ಷ ಕಮ್ಮಿ ಆಯ್ತು’ ಅಂತೀರಲ್ಲ, ಅದೇನು?

ಅಜ್ಜ: ಅದು ವ್ಯಾಪಾರ.

ಮಗಳು: ಬೋಳು ತಲೆ ಮೇಷ್ಟ್ರಿಗೂ ಹಾಗೇ ಅಂತೀಯಪ್ಪ. ಅವರು ಅದನ್ನ ಕೇಳೋಕೇ ಬರೋದು. ಕತ್ತರಿಸೋಕೆ ಅಲ್ಲಿ ಏನಿದೆ?

ಅಜ್ಜ: ಆ ಮೇಷ್ಟ್ರೇ ಹೇಳಿದ್ದು, ಥೆರಪಿ ಅಂದ್ರೆ ಮಗೂನ ಕೀಲಿ ಕೊಟ್ಟ ಬೊಂಬೆ ಮಾಡಿಬಿಡ್ತಾರೆ ಅಂತ. ಕೂರು ಅಂದ್ರೆ ಕೂರೋದು, ನಗು ಅಂದ್ರೆ ನಗೋದು. ಅದೇ ಹೊತ್ತಿಗೆ ಈ ಕುರ್ಚೀಲಿ ಬ್ಯಾಂಕಿನವರು ಕೂತಿದ್ರು. ಅವರು ಹೇಳಿದ್ರು, ಹಾಗೇನಿಲ್ಲ, ಥೆರಪಿ ಮಾಡಿಸಿದ್ರೆ ಪೂರ್ತಿ ವಾಸಿಯಾಗಿ ಎಲ್ಲರ ಹಾಗೆ ಆಗ್ತಾನೆ ಅಂತ.

ಟೀಚರ್: ಇಬ್ಬರೂ ಥೆರಪಿ ನೋಡಿದ್ದಾರಾ?

ಅಜ್ಜ: ಇಬ್ಬರೂ ಕನ್ನಡಿ ನೋಡ್ತಿದ್ರು.

ಟೀಚರ್: ಕೀಲಿ ಬೊಂಬೇನೂ ಆಗಲ್ಲ. ವಾಸಿ ಆಗೋಕೆ ಇದು ಜ್ವರಾನೂ ಅಲ್ಲ.

ಅಜ್ಜ: ಅದೂ ಆಗಲ್ಲ, ಇದೂ ಆಗಲ್ಲ. ಮತ್ತೆ ಏನಾಗ್ತಾನೆ?

ಟೀಚರ್: ಕೂದಲು ಕತ್ತರಿಸ್ಕೊಂಡ ದೊರೆ ಆಗ್ತಾನೆ.

ದೊರೆಗೆ ಒಂದು ದೊಡ್ಡ ಹನಿ ಕನ್ನಡಿಯ ಚೌಕಟ್ಟಿನವರೆಗೂ ಜಾರಿದ್ದು ಬಹಳ ಹಿಡಿಸಿತು. ಬಾಟಲಿ ಕೆಳಗಿಟ್ಟು ಎರಡೂ ಕೈಗಳನ್ನು ಪಟಪಟನೆ ಆಡಿಸಿದ.

ಅಜ್ಜ: ಹೋಗ್ಲಿ, ಕೈ ಬಡಿಯೋದನ್ನಾದ್ರೂ ನಿಲ್ಸಿ. ನೋಡ್ದೋರು ಏನಂದ್ಕೋತಾರೆ?

ಟೀಚರ್: ಕೂದಲು ಕತ್ತರಿಸೋ ಮುಂಚೆ ನೀವು ಗಾಳೀಲಿ ಕತ್ತರಿ ಚಕ್ ಚಕ್ ಅನ್ನಿಸ್ತೀರಲ್ಲ, ಅಲ್ಲಿ ಯಾರ ಕೂದಲಿರುತ್ತೆ?

ಅಜ್ಜ: ಅದಿಲ್ದೆ ನನಗೆ ಕೈ ಓಡಲ್ಲ.

ಟೀಚರ್: ಅವನಿಗೂ ಅಷ್ಟೇ. ಇಬ್ಬರೂ ಆಡಿಸ್ಕೊಳ್ಳಿ.

ಅಜ್ಜ: ಎಲ್ಲೋ ಮಕ್ಕಳನ್ನ ಗದರಿಸಿ, ಕೈ ಹಿಡಿದು ಕೂರಿಸಿ ಥೆರಪಿ ಮಾಡ್ತಾರಂತಲ್ಲ. ಅವರ ಹತ್ರ ಬೇಗ ಆಗುತ್ತೇನೋ.

ಟೀಚರ್: ಹಾಗೆ ಮಾಡೋರು ಇದ್ದಾರೆ. ಹಿಂದೆ ಇನ್ನೂ ಜಾಸ್ತಿ ಇದ್ರು. ಅಂಥೋರ ಹತ್ರ ಕಳಿಸ್ಬೇಡಿ ಅಂತ ನಾನೇ ಹೇಳ್ತೀನಿ. ಆದ್ರೆ ಅವರು ಕೂಡ ಗ್ಯಾರೇಜಿನವನ್ನ ಕರೆಸಿರಲಿಲ್ಲ.

ಮಗಳು: ಅಪ್ಪ, ಅವನಿಗೆ ಆಗ್ಲೇ ಹೇಳಿಬಿಟ್ಟಿದ್ದೀಯ ಅಲ್ವಾ? ಫೋನ್ ಮಾಡಿ ಬರಬೇಡ ಅನ್ನು.

ಅಜ್ಜ: ಮಾಡಿದ್ರೆ ಸಿಗಬೇಕಲ್ಲ. ಗಾಡಿ ಕೆಳಗೆ ಮಲಗಿದ್ರೆ ಅವನು ಫೋನ್ ಎತ್ತಲ್ಲ.

ಮಗಳು: ಏನಂತ ಹೇಳಿದ್ದೀಯ ಅವನಿಗೆ?

ಅಜ್ಜ: ಏನಿಲ್ಲ. ಕುರ್ಚೀಲಿ ಕೂತೋನು ಬಿಡು ಬಿಡು ಅಂತ ಎಷ್ಟೇ ಕೂಗಾಡಿದ್ರೂ ಬಿಡಬೇಡ ಅಂದಿದೀನಿ. ಅವನಿಗೆ ಒಂದು ಸಲ ಹೇಳಿದ್ರೆ ಸಾಕು, ಇನ್ನೊಂದು ಸಲ ಹೇಳಿದ್ರೆ ಕೇಳಲ್ಲ.

ಮಗಳು ಬೆಂಚಿನಿಂದ ಎದ್ದಳು. ಅವಳ ದನಿ ಇಳಿಯಿತು. ಅವಳ ದನಿ ಏರಿದರೆ ಭಯವಿಲ್ಲ, ಇಳಿದರೆ ಭಯ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ವಿಷಯ.

ಮಗಳು: ಇವತ್ತು ಇನ್ನೊಂದು ಸಲ ಹೆದರಿದ್ರೆ ಅವನು ಈ ಬಾಗಿಲು ದಾಟಲ್ಲ ಅಪ್ಪ. ಆಮೇಲೆ ನಿನಗೆ ಅವನ ಕೂದಲೂ ಸಿಗಲ್ಲ, ಅವನೂ ಸಿಗಲ್ಲ.

ಅಜ್ಜ: ನನಗೇನು ಅವನ್ನ ಅಳಿಸೋ ಆಸೆನಾ? ಈ ಬೀದೀಲಿ ನಾನು ಮುಟ್ಟದೆ ಇರೋ ತಲೆ ಇಲ್ಲ. ನನ್ನ ಮೊಮ್ಮಗನ ತಲೆ ಮಾತ್ರ ಮುಟ್ಟೋ ಹಾಗಿಲ್ಲ. ಹೊಟ್ಟೆ ಉರಿಯುತ್ತಮ್ಮ ನನಗೆ.

ಅಜ್ಜ ಗಾಳಿಯಲ್ಲಿ ಎರಡು ಸಲ ಕತ್ತರಿ ಆಡಿಸಿದ.

ಟೀಚರ್: ಇವತ್ತಿನ ಹಂತಕ್ಕೆ ನೀವೇ ಬೇಕು. ಬೇರೆಯವರ ತಲೆ ಮೇಲೆ ಮೆಷೀನ್ ಓಡೋದನ್ನ ಅವನು ನೋಡ್ಬೇಕು. ಅವನೇ ಹಿಡ್ಕೊಂಡ್ರೆ ಇನ್ನೂ ಒಳ್ಳೇದು. ಬ್ಲೇಡಿಗೆ ಬಾಚಣಿಗೆ ಸಿಕ್ಕಿಸಿದೆ, ಗಾಯ ಆಗಲ್ಲ.

ಅಜ್ಜ: ಭೇಷ್. ನೀವು ಕೂತ್ಕೊಳ್ಳಿ, ನಿಮ್ಮ ತಲೆಗೆ ಏನು ಮಾಡಿದ್ರೂ ಈಗಿರೋದಕ್ಕಿಂತ ಕೆಡಲ್ಲ.

ಟೀಚರ್: ಅವನಿಗೆ ಹತ್ತಿರದೋರು ಆಗ್ಬೇಕು. ನೀವು.

ಅಜ್ಜ: ನಾನಾ? ನನಗೆ ಬೇರೆಯವರ ಕೈ ಆಗಿಬರಲ್ಲ.

ಮಗಳು: ಹೇಳಪ್ಪ, ಟೀಚರಿಗೂ ಹೇಳು. ಟೀಚರ್, ಇವರ ತಲೇನ ಯಾರೂ ಮುಟ್ಟೋ ಹಾಗಿಲ್ಲ. ಹಿಂದೊಂದು ಮುಂದೊಂದು ಕನ್ನಡಿ ಇಟ್ಕೊಂಡು ತಾವೇ ಕತ್ತರಿಸ್ಕೋತಾರೆ. ಹಿಂದ್ಗಡೆ ನೋಡಿ, ಇಲಿ ಕಚ್ಚಿದ ಹಾಗಿದೆ.

ಅಜ್ಜ: ಕುತ್ತಿಗೆ ಹತ್ರ ಯಾರಾದ್ರೂ ಕೈ ತಂದ್ರೆ ಮೈ ಜುಂ ಅನ್ನುತ್ತೆ. ಏನು ಮಾಡ್ಲಿ? ನಾನಿರೋದೇ ಹಾಗೆ.

ಟೀಚರ್: ಮೂರು ಜನ ಹಿಡ್ಕೊಂಡ್ರೆ?

ಅಜ್ಜ ಅವಳನ್ನು ನೋಡಿದ, ಮಗಳನ್ನು ನೋಡಿದ, ಕೊನೆಗೆ ಕೆಂಪು ಕಣ್ಣಿನ ದೊರೆಯನ್ನು ನೋಡಿದ. ಬೇರೆ ದಾರಿ ಕಾಣದೆ ತಾನೇ ಹೋಗಿ ಕುರ್ಚಿಯಲ್ಲಿ ಕೂತ. ಟೀಚರ್ ಅವನ ಕೈಗೆ ಪೌಡರ್ ಡಬ್ಬಿಯ ಕೆಂಪು ಮುಚ್ಚಳವನ್ನು ಕೊಟ್ಟಳು. ಅದು ದೊರೆಯ ಮುಚ್ಚಳ. ಅದನ್ನು ಎತ್ತಿದರೆ ಎದುರಿಗಿದ್ದವರು ಏನು ಮಾಡುತ್ತಿದ್ದರೂ ತಕ್ಷಣ ನಿಲ್ಲಿಸಬೇಕೆಂಬುದು ಅವಳು ಮಾಡಿದ ಕಾನೂನು. ನಿಲ್ಲಿಸು ಅನ್ನೋದನ್ನ ಕಲಿಸಿದರೆ ಅವನು ಶುರು ಮಾಡೋದಕ್ಕೇ ಬಿಡೋದಿಲ್ಲ ಎಂದು ಅಜ್ಜ ಈ ಕಾನೂನನ್ನು ಎಲ್ಲ ಗಿರಾಕಿಗಳ ಮುಂದೆ ಆಡಿಕೊಂಡಿದ್ದ. ಈಗ ಅದೇ ಮುಚ್ಚಳವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಟೀಚರ್ ಮೆಷೀನ್ ಆನ್ ಮಾಡಿ ನೀಡಿದಳು. ದೊರೆ ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡ, ಆದರೆ ಓಡಲಿಲ್ಲ. ಮೆಷೀನ್ ತೆಗೆದುಕೊಂಡು ಅಜ್ಜನ ಮುಂದೆ ನಿಂತ.

ದೊರೆ: ತಲೆ ಅಲ್ಲಾಡಿಸ್ಬೇಡಿ.

ಅದು ಅಜ್ಜ ದಿನವಿಡೀ ಗಿರಾಕಿಗಳಿಗೆ ಹೇಳುವ ಮಾತು. ದೊರೆಯ ಬಾಯಲ್ಲಿ ಕೇಳಿ ಅಜ್ಜನ ಮುಖ ಅರಳಿತು. ಅರಳಿದ್ದೇ ತಪ್ಪಾಯಿತು. ಮೀಸೆಯೂ ಅದರ ಜೊತೆ ಅರಳಿ ದೊರೆಯ ಕಣ್ಣಿಗೆ ಬಿತ್ತು. ದೊರೆ ತಲೆಯನ್ನು ಬಿಟ್ಟು ಮೀಸೆಗೆ ಕೈ ಹಾಕಿದ.

ಅಜ್ಜ: ಏಯ್, ಅಲ್ಲಲ್ಲ, ಹಿಂದ್ಗಡೆ. ಮೀಸೆ ಬೇಡ ಕಣೋ. ಯಾರಾದ್ರೂ ಹೇಳ್ರೀ ಅವನಿಗೆ.

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಗ್ಯಾರೇಜಿನವನು ಬಂದ. ಕುರ್ಚಿಯಲ್ಲಿ ಒಬ್ಬರು ಕೂತು ಕೂಗಾಡುತ್ತಿದ್ದರು. ಅವನಿಗೆ ಹೇಳಿದ್ದ ಕೆಲಸ ಸ್ಪಷ್ಟವಾಗಿತ್ತು. ಅವನು ಎರಡು ಹೆಜ್ಜೆಗೆ ಹಿಂದೆ ಹೋಗಿ ಅಜ್ಜನ ಎರಡೂ ತೋಳನ್ನು ಕುರ್ಚಿಗೆ ಒತ್ತಿ ಹಿಡಿದ.

ಅಜ್ಜ: ನನ್ನನ್ನಲ್ಲ ಮಾರಾಯ, ಬಿಡು.

ಗ್ಯಾರೇಜಿನವನು: ಎಷ್ಟೇ ಕೂಗಾಡಿದ್ರೂ ಬಿಡಬೇಡ ಅಂದಿದ್ರಲ್ಲ.

ಅಜ್ಜ: ಅಂದೋನೇ ನಾನು. ಈಗ ಬಿಡು ಅಂತಿದೀನಿ.

ಗ್ಯಾರೇಜಿನವನು: ಹಾಗೂ ಅಂತಾರೆ ಅಂತ ಹೇಳಿದ್ರಿ. ಸುಮ್ನಿರಿ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿಯುತ್ತೆ.

ಮಗಳು, ಟೀಚರ್ ಇಬ್ಬರೂ ಅವನನ್ನು ಎಳೆಯುತ್ತಿದ್ದರು. ಟೈರು ಎತ್ತುವ ಕೈ ಅಲುಗಲಿಲ್ಲ. ಮೀಸೆಯ ಎಡಭಾಗ ಉದುರಿ ಅಜ್ಜನ ಅಂಗಿಯ ಮೇಲೆ ಬಿತ್ತು. ಅಜ್ಜನ ತೋಳಿಗೆ ಸ್ವಾತಂತ್ರ್ಯವಿರಲಿಲ್ಲ, ಮಣಿಕಟ್ಟಿಗೆ ಸ್ವಲ್ಪ ಇತ್ತು. ಕೆಂಪು ಮುಚ್ಚಳವನ್ನು ಎಷ್ಟು ಸಾಧ್ಯವೋ ಅಷ್ಟು ಎತ್ತಿದ.

ದೊರೆ ಮುಚ್ಚಳವನ್ನು ನೋಡಿದ. ಮೆಷೀನ್ ಆಫ್ ಮಾಡಿದ.

ದೊರೆ ಸ್ಪ್ರೇ ಬಾಟಲಿ ತೆಗೆದುಕೊಂಡು, ಸುಮ್ಮನೆ ಕೂತಿದ್ದಕ್ಕೆ ಸಲ್ಲಬೇಕಾದ ಬಹುಮಾನವನ್ನು ಅಜ್ಜನ ಮುಖದ ತುಂಬಾ ಹೊಡೆದ.

ಗ್ಯಾರೇಜಿನವನು: ಯಾಕೆ ನಿಲ್ಲಿಸಿದ? ಇನ್ನರ್ಧ ಇದೆಯಲ್ಲ.

ಅಜ್ಜ: ನೀನು ಕೈ ತೆಗಿ ಮೊದಲು. ಇಷ್ಟು ಜನ ದೊಡ್ಡೋರಿದ್ದೀರಿ, ನಾನು ಹೇಳಿದ್ದು ಕೇಳಿದೋನು ಇವನೊಬ್ಬನೇ.

ಗ್ಯಾರೇಜಿನವನು: ಈ ಮುಚ್ಚಳ ಚೆನ್ನಾಗಿದೆ. ಟೀಚರ್, ನಮ್ಮ ಮನೇಲಿ ಹೆಂಡ್ತಿ ಮಾತು ಶುರು ಮಾಡಿದಾಗ ಎತ್ತಿದ್ರೆ ಕೆಲಸ ಮಾಡುತ್ತಾ?

ಟೀಚರ್: ಮಾಡುತ್ತೆ. ಅವರು ಎತ್ತಿದಾಗ ಮೊದಲು ನೀವು ನಿಲ್ಲಿಸಿ ಅಭ್ಯಾಸ ಮಾಡ್ಬೇಕು.

ಗ್ಯಾರೇಜಿನವನು ಯೋಚಿಸಿದ. ಗ್ಯಾರೇಜಿನಲ್ಲಿ ಗಾಡಿ ಕಾಯುತ್ತಿದೆ ಎಂದು ಹೊರಟುಹೋದ.

ಅಜ್ಜ ಮುಖ ಒರೆಸಿಕೊಂಡು ಕುರ್ಚಿಯಿಂದ ಎದ್ದ. ಎದ್ದ ಕುರ್ಚಿಗೆ ದೊರೆ ಹತ್ತಿದ. ಯಾರೂ ಹೇಳಿರಲಿಲ್ಲ. ಕೆಂಪು ಮುಚ್ಚಳವನ್ನು ಅಜ್ಜನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡ. ಕನ್ನಡಿಯಲ್ಲಿ ಯಾರನ್ನೂ ನೋಡದೆ ಹೇಳಿದ.

ದೊರೆ: ಮುಂದಿನೋರು ಬನ್ನಿ.

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜ ಟೀಚರ್ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅಜ್ಜ ಮೆಷೀನ್ ಆನ್ ಮಾಡಿದ. ಎಡಗಣ್ಣಿನ ಮೇಲೆ ಬೀಳುತ್ತಿದ್ದ ಕೂದಲಿನ ಮೇಲೆ ಒಂದೇ ಒಂದು ಸಲ ಆಡಿಸಿದ. ಮುಚ್ಚಳ ಮೇಲೆದ್ದಿತು. ಅಜ್ಜ ತಕ್ಷಣ ಆಫ್ ಮಾಡಿ, ಮೆಷೀನನ್ನು ದೂರ ಇಟ್ಟು, ಬಾಟಲಿಯನ್ನು ದೊರೆಗೆ ಕೊಟ್ಟ.

ಅಜ್ಜ: ಒಂದು ಕಣ್ಣು ಕಾಣ್ತಾ ಇದೆ ನೋಡಮ್ಮ.

ಮಗಳು: ಕಾಣ್ತಿದೆಯಪ್ಪ. ಮೊದಲು ನಿನ್ನ ಮೀಸೆ ನೋಡ್ಕೋ. ಹೀಗೇ ಬೀದಿಗೆ ಹೋಗ್ತೀಯಾ?

ಅಜ್ಜ ಕನ್ನಡಿಯ ಹತ್ತಿರ ಬಗ್ಗಿ, ಉಳಿದರ್ಧಕ್ಕೆ ಕತ್ತರಿ ಎತ್ತಿ ಗಾಳಿಯಲ್ಲಿ ಚಕ್ ಎನ್ನಿಸಿದನಷ್ಟೇ. ಕುರ್ಚಿಯಿಂದ ಕೆಂಪು ಮುಚ್ಚಳ ಎದ್ದಿತು.

ಅಜ್ಜ: ಇದು ನನ್ನ ಮೀಸೆ ಕಣೋ ದೊರೆ.

ಮುಚ್ಚಳ ಇಳಿಯಲಿಲ್ಲ. ಅಜ್ಜ ಕತ್ತರಿಯನ್ನು ಡಬ್ಬಿಗೆ ಹಾಕಿದ.

ಮಗಳು: ನಾಳೆ ಅಂಗಡಿ ತೆಗೆದಾಗ ಮೇಷ್ಟ್ರು ಕೇಳಿದ್ರೆ ಏನು ಹೇಳ್ತೀಯ?

ಅಜ್ಜ: ಅಜ್ಜನಿಗೂ ಮೊಮ್ಮಗನಿಗೂ ಥೆರಪಿ ನಡೀತಿದೆ, ಮುಂದಿನ ವಾರ ಇನ್ನರ್ಧ ಅಂತೀನಿ. ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ, ಒಂದು ಬಲೂನ್ ಊದಿ ಕೈಗೆ ಕೊಡ್ತೀನಿ.