ಪರಮ ಗೋಪ್ಯವಾಗಿ ಮ್ಯಾನೇಜರ್ ಹುಡುಕಿಕೊಟ್ಟ ಮಹನೀಯರಿಗೆ

ಬೆಂಗಳೂರಿನ ಉತ್ತುಂಗ ಎಕ್ಸಿಕ್ಯುಟಿವ್ ಸರ್ಚ್ ಸಂಸ್ಥೆಯ ಹಿರಿಯ ಸಲಹೆಗಾರರಿಗೆ, ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರ ಮ್ಯಾನೇಜರ್ ಅಜ್ಮತ್ ಎದ್ದು ನಿಂತು ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಟೈ ನಮ್ಮ ಕಡೆಯ ಧೂಳಿನಿಂದ ಚೇತರಿಸಿಕೊಂಡಿದೆಯೆಂದೂ ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಗೋಪ್ಯತೆಯ ರುಚಿಯನ್ನು ಒಮ್ಮೆ ನೋಡಿದವನಿಗೆ ಬಹಿರಂಗವೇ ಆರೋಗ್ಯಕ್ಕೆ ಒಳ್ಳೆಯದೆನಿಸಿದೆ.

ಕಳೆದ ವರ್ಷ, ಅಂದರೆ ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ದಾವಣಗೆರೆಯ ಯಾರೋ ಎಣ್ಣೆ ವ್ಯಾಪಾರಿಯಿಂದ ನನ್ನ ಹೆಸರು ತಿಳಿದು ತಾವು ನಮ್ಮ ಮನೆಗೆ ಫೋನ್ ಮಾಡಿದಿರಿ. ಮಧ್ಯ ಕರ್ನಾಟಕದ ಪ್ರತಿಷ್ಠಿತ ಎಣ್ಣೆ ಘಟಕವೊಂದಕ್ಕೆ ಜನರಲ್ ಮ್ಯಾನೇಜರ್ ಬೇಕಾಗಿದ್ದಾರೆಂದೂ, ಘಟಕದ ಹೆಸರನ್ನು ಸದ್ಯಕ್ಕೆ ಹೇಳುವಂತಿಲ್ಲವೆಂದೂ, ಅದೇ ರೀತಿ ನಾನು ಎಲ್ಲಿ ಕೆಲಸ ಮಾಡುತ್ತಿದ್ದೇನೆಂಬುದನ್ನು ತಾವೂ ಕೇಳುವುದಿಲ್ಲವೆಂದೂ ಅಪ್ಪಣೆ ಕೊಡಿಸಿದಿರಿ. ಐವತ್ತು ದಾಟಿದ ನನ್ನನ್ನು ಬೆಂಗಳೂರಿನಿಂದ ಒಬ್ಬರು ಹುಡುಕಿಕೊಂಡು ಬಂದರಲ್ಲ ಎಂಬ ಸಂತೋಷದಲ್ಲಿ ನಾನು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಸಂತೋಷಕ್ಕೆ ಕಾರಣವಿತ್ತು. ಮಿಲ್ಲು ಕಟ್ಟಿದ ಪೀರ್ ಸಾಬ್ ತೀರಿಕೊಂಡ ಮೇಲೆ ಅವರ ಮಗ ಶಹನವಾಜ್ ಮಾಲೀಕರಾದರು. ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕೂತು ಮಿಲ್ಲು ನೋಡಿದ ಹುಡುಗ, ಈಗ ಪಕ್ಕದ ಕೋಣೆಯಲ್ಲಿ ಹೊಸ ಕಂಪ್ಯೂಟರಿನ ಹಿಂದೆ ಕೂತು, ನನಗೆ ಹೇಳಬೇಕಾದದ್ದನ್ನೆಲ್ಲ ಗುಮಾಸ್ತರ ಕೈಲಿ ಹೇಳಿ ಕಳಿಸುತ್ತಿದ್ದರು. ಒಂದು ಗೋಡೆಯ ಆಚೆಯಿಂದ ಸುದ್ದಿ ಬರಲು ಚಿತ್ರದುರ್ಗದಿಂದ ಟಪಾಲು ಬರುವಷ್ಟು ಹೊತ್ತಾಗುತ್ತಿತ್ತು. ಬಿಟ್ಟು ಹೋಗಬೇಕೆಂದು ನನಗೂ ಅನಿಸತೊಡಗಿತ್ತು.

ತಮ್ಮ ಮಾರ್ಗದರ್ಶನವನ್ನು ನಾನು ಅಕ್ಷರಶಃ ಪಾಲಿಸಿದೆ. ಫೋನ್ ಬಂದರೆ ತಡಮಾಡದೆ ಉತ್ತರಿಸಿದೆ, ಬಯೋಡೇಟಾದಿಂದ ಈಗಿನ ಮಿಲ್ಲಿನ ಹೆಸರು ತೆಗೆದು ಎರಡು ಪುಟಕ್ಕೆ ಇಳಿಸಿದೆ, ಈಗಿನ ಮಾಲೀಕರನ್ನು ಬಯ್ಯಬಾರದೆಂದಿದ್ದಕ್ಕೆ ಹಲ್ಲು ಕಚ್ಚಿ ಸುಮ್ಮನಿದ್ದೆ. ಒಂದು ದಿನ ತಾವು ಆ ಘಟಕದಲ್ಲಿ ಈಗಿರುವ ಮ್ಯಾನೇಜರ್ ಹಳೇ ಕಾಲದವರು, ಹೊಸದನ್ನು ಕಲಿಯುವುದಿಲ್ಲ, ಮಾಲೀಕರಿಗೆ ಮರ್ಯಾದೆ ಕೊಡುವುದಿಲ್ಲ, ಅವರನ್ನು ತೆಗೆಯುವ ವಿಷಯ ಅವರಿಗಿನ್ನೂ ತಿಳಿದಿಲ್ಲ ಎಂದು ಪಿಸುಗುಟ್ಟಿದಾಗ ನಾನು ಹೇಳಿದ್ದು ತಮಗೆ ನೆನಪಿರಬಹುದು: "ಅಂಥೋರನ್ನ ಇನ್ನೂ ಯಾಕ್ ಇಟ್ಕೊಂಡಿದಾರೆ ಸಾರ್? ಮೊದಲು ಮನೆಗೆ ಕಳಿಸ್ಬೇಕು."

ಪಕ್ಕದಲ್ಲಿದ್ದ ನನ್ನ ಹೆಂಡತಿ ಜಹೀರಾ ಮಾತ್ರ, "ಪಾಪ, ಆಯಪ್ಪನ ಹೆಂಡ್ತಿಗೆ ಗೊತ್ತೈತೋ ಇಲ್ವೋ," ಎಂದು ನಿಟ್ಟುಸಿರಿಟ್ಟಳು.

ಸಂದರ್ಶನಕ್ಕೆ ಯಾರ ಕಣ್ಣಿಗೂ ಬೀಳದ ಜಾಗವೆಂದು ತಾವು ಮೊಳಕಾಲ್ಮುರಿನ ಪ್ರವಾಸಿ ಮಂದಿರವನ್ನು ಆರಿಸಿದಿರಿ. ಬಳ್ಳಾರಿಯಲ್ಲಿ ಮದುವೆಯಿದೆಯೆಂದು ನಾನು ಮಿಲ್ಲಿಗೆ ರಜೆ ಹಾಕಿದೆ. ಹಲ್ಲುನೋವು, ದಾವಣಗೆರೆಯ ಡಾಕ್ಟರ ಬಳಿ ಹೋಗಬೇಕೆಂದು ಅದೇ ದಿನ ನಮ್ಮ ಮಾಲೀಕರೂ ಹೇಳಿ ಕಳಿಸಿದ್ದರು. ಹೊಸ ಷರಟು ತೊಟ್ಟು, ಅತ್ತರು ಹಚ್ಚಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದ ನನ್ನನ್ನು ತಾವು ಬಾಗಿಲಲ್ಲೇ ಎದುರುಗೊಂಡು, ಕೈಹಿಡಿದು ಒಳಗೆ ಕರೆದೊಯ್ದು, "ನೀವಿಬ್ಬರೂ ಅಪರಿಚಿತರು, ಸಂಕೋಚ ಬಿಟ್ಟು ಮಾತನಾಡಿ," ಎಂದು ಹೇಳಿ, ಬಂದ ಕರೆಗೆ ಮೊಬೈಲ್ ಸಿಗ್ನಲ್ ಹುಡುಕುತ್ತ ಅಂಗಳಕ್ಕೆ ಹೋದಿರಿ. ಸಿಗ್ನಲ್ ಆಂಧ್ರದ ಗಡಿಯವರೆಗೂ ಸಿಗಲಿಲ್ಲವೆಂದು ಕಾಣುತ್ತದೆ, ಮುಕ್ಕಾಲು ಗಂಟೆ ತಮ್ಮ ದರ್ಶನವಿರಲಿಲ್ಲ. ಒಳಗೆ ನಡೆದದ್ದು ತಮಗೆ ತಿಳಿಯದೆ ಹೋಯಿತು.

ಮೇಜಿನ ಆಚೆ ಶಹನವಾಜ್ ಕೂತಿದ್ದರು.

ಫ್ಯಾನು ತಿರುಗುತ್ತಿತ್ತು. ಎದುರಿನ ಕುರ್ಚಿ ಎಳೆದು ಕೂತುಕೊಂಡೆ. ಕೊನೆಗೆ ಅವರೇ, "ಮದುವೆ ಮುಗೀತಾ?" ಎಂದರು.

"ಮುಗೀತು. ಹಲ್ಲು ಹೆಂಗೈತೆ?" ಎಂದೆ.

ನಾವಿಬ್ಬರೂ ಉರ್ದುವಿನಲ್ಲಿ ಮಾತನಾಡುವವರು, ಉರ್ದುವಿನಲ್ಲೇ ಮುನಿಸಿಕೊಳ್ಳುವವರು. ಅಂದು ಮಾತ್ರ ಇಬ್ಬರೂ ಕಚೇರಿಯ ಗತ್ತಿನಲ್ಲಿ ಕನ್ನಡಕ್ಕೆ ಇಳಿದೆವು. ಬರುವವನ ಹೆಸರನ್ನು ತಾವು ಅವರಿಗೂ ಹೇಳಿರಲಿಲ್ಲ; ಎದುರಿನ ಮಿಲ್ಲಿನ ಮ್ಯಾನೇಜರನ್ನೇ ತಾವು ಹಾರಿಸಿಕೊಂಡು ಬರುತ್ತೀರೆಂದು ಅವರು ನಂಬಿದ್ದರಂತೆ. ಬಂದದ್ದೇ ಬಂದಾಯಿತು, ಸಂದರ್ಶನವನ್ನಾದರೂ ಮುಗಿಸೋಣವೆಂದು ನಾನು ಕೇಳಿದೆ: "ಈಗಿರೋ ಮ್ಯಾನೇಜರ್ ಏನ್ ತಪ್ಪು ಮಾಡಿದಾರೆ?"

ಅವರು ಮೇಜು ನೋಡುತ್ತ ಹೇಳಿದರು: "ಕೆಲಸ್ದಾಗೆ ತಪ್ಪಿಲ್ಲ. ಆದ್ರೆ ಖರೀದಿದಾರರ ಮುಂದೆ ನನ್ನ ಛೋಟೂ ಅಂತಾರೆ. ಮಗು ಹುಟ್ಟಿದ ಮೇಲೂ ಛೋಟೂ. ನಾನು ಒಂದು ರೇಟು ಹೇಳಿದ್ರೆ, ಆ ಜನ ಅವರ ಮುಖ ನೋಡ್ತಾರೆ. ಅಬ್ಬಾ ಸತ್ತು ಮೂರು ವರ್ಷ ಆತು. ಮಿಲ್ಲಿನಾಗೆ ಇವತ್ತಿಗೂ ನಾನು ಅವರ ಮಗ ಅಷ್ಟೆ."

ಮಾನ್ಯರೇ, ಇದನ್ನು ಕೇಳಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಛೋಟೂ ಎಂಬುದು ನನ್ನ ಬಾಯಲ್ಲಿ ಪ್ರೀತಿಯಾಗಿತ್ತು, ಅವರ ಕಿವಿಯಲ್ಲಿ ಏನಾಗಿತ್ತೋ ನನಗೆ ತಿಳಿದಿರಲಿಲ್ಲ. "ಇದನ್ನ ಅವರಿಗೇ ಹೇಳಬಹುದಿತ್ತಲ್ಲ," ಎಂದೆ.

"ಧೈರ್ಯ ಬರ್ಲಿಲ್ಲ. ನೀವ್ಯಾಕೆ ಬಿಡ್ತೀರಿ ಈಗಿನ ಕೆಲಸ?"

ಮಾಲೀಕರನ್ನು ಬಯ್ಯಬಾರದೆಂಬ ತಮ್ಮ ಸಲಹೆಯನ್ನು ನಾನು ಮೀರಿದ್ದು ಆಗ. "ನಮ್ಮ ಮಾಲೀಕರಿಗೆ ನನ್ನ ಮುಖ ನೋಡಿ ಮಾತಾಡೋಕೆ ಆಗ್ತಿಲ್ಲ. ಒಂದು ಗೋಡೆ ಅಡ್ಡ ಐತೆ, ಅದಕ್ಕೂ ಗುಮಾಸ್ತ ಬೇಕು. ಅವರಪ್ಪ ಬಯ್ದ್ರೂ ಎದುರಿಗೆ ಬಯ್ಯೋರು."

ಅಷ್ಟರಲ್ಲಿ ತಾವು ಬಂದು ಇಬ್ಬರ ಮುಖವನ್ನೂ ನೋಡಿ, "ಹೊಂದಾಣಿಕೆ ಅದ್ಭುತವಾಗಿದೆ," ಎಂದು ಘೋಷಿಸಿದಿರಿ. ತಮ್ಮ ದಿವ್ಯದೃಷ್ಟಿಗೆ ನಮೋ ನಮಃ.

ಹಿಂದಿರುಗುವಾಗ ಅವರು ಕಾರಿನ ಬಾಗಿಲು ತೆಗೆದು, "ಬಸ್ಸು ಯಾಕೆ, ಬರ್ರಿ," ಎಂದರು. ದಾರಿಯಲ್ಲಿ ತಳಕು ಊರಿನ ಹತ್ತಿರ ಕಾರು ನಿಲ್ಲಿಸಿದರು. ಅಲ್ಲಿ ಚಹಾ ಕುಡಿಯುತ್ತ, "ನಾಳೆ ಬರ್ತೀರಾ?" ಎಂದು ಕೇಳಿದರು. ನಾನು, ಬಿಡಲು ಮನಸ್ಸಿಲ್ಲದಿದ್ದರೂ ಬಿಂಕಕ್ಕೆ, "ಆರ್ಡರ್ ಬರ್ಲಿ, ನೋಡ್ತೀನಿ," ಎಂದೆ. ಮರುದಿನ ಅವರು ಜನರಲ್ ಮ್ಯಾನೇಜರ್ ನೇಮಕದ ಆರ್ಡರನ್ನು ಸ್ವತಃ ಟೈಪು ಮಾಡಿ, ಗುಮಾಸ್ತರ ಕೈಗೆ ಕೊಡದೆ, ನನ್ನ ಕೋಣೆಗೆ ನಡೆದು ಬಂದು ಮೇಜಿನ ಮೇಲಿಟ್ಟರು. ಈಗ ಖರೀದಿದಾರರ ಮುಂದೆ ನಾನು ಅವರನ್ನು ಸೇಠ್ ಎನ್ನುತ್ತೇನೆ. ರೇಟು ಕೇಳಿ ನನ್ನ ಮುಖ ನೋಡುವವರಿಗೆ ಕಣ್ಣಿನಲ್ಲೇ ಅವರ ಕಡೆ ತೋರಿಸುತ್ತೇನೆ. ಅವರು ನನಗೆ ಕಂಪ್ಯೂಟರ್ ಕಲಿಸುತ್ತಾರೆ, ತಪ್ಪಿದರೆ ಎದುರಿಗೇ ಬಯ್ಯುತ್ತಾರೆ. ತುಂಬ ಹಿತವಾಗಿದೆ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ತಮ್ಮಿಂದ ವಿಚಾರಣೆಯೊಂದು ಬಂದಿದೆ: ಹೊಸ ಕೆಲಸಕ್ಕೆ ಹೊಂದಿಕೊಂಡಿದ್ದೀರಾ, ಹಳೆಯ ಮ್ಯಾನೇಜರಿಂದ ಏನಾದರೂ ಕಿರುಕುಳವಿದೆಯೇ ಎಂದು. ಇದೆ, ಸ್ವಾಮಿ. ದಿನವೂ ಬೆಳಿಗ್ಗೆ ಗಡ್ಡ ಹೆರೆಯುವಾಗ ಎದುರಿಗೆ ಬಂದು ನಿಲ್ಲುತ್ತಾರೆ. ಇವರನ್ನು ಗೌರವಯುತವಾಗಿ ಬೇರೆಲ್ಲಾದರೂ ಸೇರಿಸಿ, ನನ್ನನ್ನು ಇಲ್ಲೇ ಉಳಿಸುವ ವ್ಯವಸ್ಥೆ ಮಾಡಬೇಕಾಗಿ ಕೋರುತ್ತೇನೆ. ಹಾಗೆಯೇ, ಹಳೆಯ ಗಂಡನ ಜಾಗಕ್ಕೂ ತಮ್ಮ ಸಂಸ್ಥೆ ಇದೇ ರೀತಿ ಗೋಪ್ಯ ಶೋಧ ನಡೆಸುತ್ತದೆಯೇ ಎಂದು ಜಹೀರಾ ಕೇಳುತ್ತಿದ್ದಾಳೆ. ಕೊನೆಗೆ ಆಯ್ಕೆಯಾಗುವವನು ನಾನೇ ಎಂಬ ಖಾತ್ರಿ ಕೊಟ್ಟರೆ ನನ್ನ ಅಭ್ಯಂತರವಿಲ್ಲ.

ತಾವು ಇನ್ನಷ್ಟು ಮಿಲ್ಲುಗಳಲ್ಲಿ ಇಂತಹುದೇ ಎಡವಟ್ಟು ಮಾಡುವಷ್ಟು ಆಯಸ್ಸು ತಮಗೆ ಲಭಿಸಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಅಜ್ಮತ್
ಚಳ್ಳಕೆರೆ

ತಾಜಾ ಕಲಂ: ಅಂದು ತಾವು ವಾಪಸಾಗುವಾಗ ಗೌರಸಮುದ್ರದ ಕಡೆ ದಾರಿ ತಪ್ಪಿದಾಗ, ಕುರಿ ಬಿಟ್ಟು ಬಂದು ಹೆದ್ದಾರಿ ತೋರಿಸಿದ ಚಿಕ್ಕೀರಪ್ಪನಿಗೆ ತಮ್ಮ ವಿಸಿಟಿಂಗ್ ಕಾರ್ಡು ಕೊಟ್ಟು, ಫೋನ್ ಮಾಡುತ್ತೇನೆಂದು ಹೇಳಿದ್ದಿರಂತೆ. ಆತ ಹೋದ ವಾರ ಶೇಂಗಾ ಮಾರಲು ಮಿಲ್ಲಿಗೆ ಬಂದು, ಆ ಕಾರ್ಡು ತೋರಿಸಿ, "ನಮ್ಮ ಹಟ್ಟೀಲಿ ಫೋನೇ ಇಲ್ಲ, ಆ ಸಾಹೇಬ್ರು ಎಲ್ಲಿಗೆ ಮಾಡ್ತಾರೋ ಕೇಳ್ರಿ," ಎಂದ. ಅವನನ್ನು ಕಾವಲಿಗೆ ಇಟ್ಟುಕೊಂಡಿದ್ದೇವೆ. ತಮ್ಮ ಯಶಸ್ಸಿನ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಿ; ಆದರೆ ಇನ್ನೊಮ್ಮೆ ಈ ಕಡೆ ಬಂದರೆ ದಾರಿ ಕೇಳಬೇಡಿ, ಅವನ ಕುರಿ ಕಾಯುವುದಕ್ಕೆ ಈಗ ಜನ ಬೇಕಾಗಿದ್ದಾರೆ.